ಕಾರ್ ಶೆಡ್ಡಿನಲ್ಲಿ ವಿಮಾನದ ಬಾಲ

ಮೊದಲೇ ಹೇಳಿಬಿಡುತ್ತೇನೆ, ನಾನು ಇಡೀ ವಿಮಾನ ಕಟ್ಟಿಲ್ಲ. ಕಟ್ಟಿರುವುದು ರಡ್ಡರ್ ಒಂದನ್ನೇ. ಬಾಲದಲ್ಲಿ ನೆಟ್ಟಗೆ ನಿಂತು ವಿಮಾನದ ಮೂತಿಯನ್ನು ಎಡಕ್ಕೆ, ಬಲಕ್ಕೆ ತಿರುಗಿಸುತ್ತದಲ್ಲ, ಆ ಭಾಗ. ಮನೆಯಲ್ಲೇ ಜೋಡಿಸಿಕೊಳ್ಳುವ ವಿಮಾನದ ಕಿಟ್, ಅಂದರೆ ಬಿಡಿಭಾಗಗಳ ಪೆಟ್ಟಿಗೆ, ಮಾಡುವ ಅಮೆರಿಕದ ಝೆನಿತ್ ಕಂಪನಿಯವರು ತಮ್ಮ ಕಾರ್ಖಾನೆಯಲ್ಲಿ ಶಿಬಿರ ನಡೆಸಿ, ಹೊಸಬರ ಕೈಯಲ್ಲಿ ಇದನ್ನು ಎರಡೇ ದಿನದಲ್ಲಿ ಕಟ್ಟಿಸುತ್ತಾರೆ. ನನಗೆ ಎಂಟು ತಿಂಗಳು ಹಿಡಿಯಿತು.

ನಮ್ಮದು ಬೆಂಗಳೂರಿನ ವಿದ್ಯಾರಣ್ಯಪುರದಲ್ಲಿ ಮೂವತ್ತು-ನಲವತ್ತರ ಸೈಟು. ನಾನು ಆರಿಸಿಕೊಂಡದ್ದು ಸಿಎಚ್ 750 ಅನ್ನುವ ಎರಡು ಸೀಟಿನ ವಿಮಾನ. ಅದರ ರೆಕ್ಕೆ ತುದಿಯಿಂದ ತುದಿಗೆ 29 ಅಡಿ 10 ಇಂಚು. ಅಂದರೆ ಸೈಟಿನ ಅಗಲಕ್ಕೆ ಎರಡೇ ಇಂಚು ಕಮ್ಮಿ! ಸೈಟಿನ ಮೇಲೆ ಮನೆ ಇರೋದೊಂದೇ ತೊಂದರೆ. ಅದಕ್ಕೇ ರಡ್ಡರಿನಿಂದ ಶುರು ಮಾಡಿದೆ. ಬರೀ ರಡ್ಡರಿನ ಕಿಟ್ಟನ್ನೂ ಕೊಡುತ್ತಾರೆ. ಕೈಗೆ ಹತ್ತದಿದ್ದರೆ ಅಲ್ಲಿಗೇ ಬಿಡಬಹುದು.

ಕಸ್ಟಮ್ಸ್‌ನಿಂದ ಪೆಟ್ಟಿಗೆ ಬಿಡಿಸಿಕೊಳ್ಳೋಕೆ ಐದು ವಾರ ಓಡಾಡಿದೆ. ಕಾಗದದಲ್ಲಿ ‘ವಿಮಾನದ ಭಾಗ’ ಅಂತ ಇದ್ದದ್ದು ನೋಡಿದವರೆಲ್ಲ ಇನ್ನೊಂದು ಕಾಗದ ಕೇಳಿದರು. ಅದು ಬೇರೆಯೇ ಕಥೆ, ಬಿಡಿ.

ಪೆಟ್ಟಿಗೆಯಲ್ಲಿ ಇದ್ದದ್ದು ತಗಡು. 6061-ಟಿ6 ಅನ್ನುವ ಅಲ್ಯೂಮಿನಿಯಂ, ಸುಮಾರು ಅರ್ಧ ಮಿಲಿಮೀಟರ್ ದಪ್ಪ ಅಷ್ಟೇ. ಬೆನ್ನೆಲುಬಿನ ಹಾಗಿರುವ ಸ್ಪಾರ್, ಅದಕ್ಕೆ ಅಡ್ಡಲಾಗಿ ಕೂರುವ ರಿಬ್‌ಗಳು, ಮೇಲೆ ಹೊದಿಸುವ ಹಾಳೆ. ತಗಡಿಗೆ ತಗಡು ಸೇರಿಸಿ ಬಿಗಿಯುವ ಪಾಪ್ ರಿವೆಟ್‌ಗಳ ಚೀಲಗಳು. ನಮ್ಮ ಮಾವ ಒಂದು ರಿಬ್ ಎತ್ತಿ ಬೆಳಕಿಗೆ ಹಿಡಿದು, ಓರೆಗಣ್ಣಲ್ಲಿ ನೋಡಿ, ಮತ್ತೆ ಇಟ್ಟರು. ಅವರು ಎಚ್‌ಎಎಲ್‌ನಲ್ಲಿ ಶೀಟ್ ಮೆಟಲ್ ಫಿಟ್ಟರ್ ಆಗಿ ರಿಟೈರ್ ಆದವರು. ಕಿರಣ್ ತರಬೇತಿ ವಿಮಾನಗಳ ಮೇಲೆ ಕೈ ಪಳಗಿದವರು. ಅವರ ಪಾಲಿಗೆ ನಾನು ಕೀಬೋರ್ಡ್ ಕುಟ್ಟುವ ಅಳಿಯ.

ಮೊದಲನೇ ದಿನವೇ ಬೈಸಿಕೊಂಡೆ. ರಿಬ್ಬಿನ ಮಡಚಿದ ಅಂಚುಪಟ್ಟಿಯ ನಡುವೆ ಗೆರೆ ಎಳೆಯೋಕೆ ಪೆನ್ಸಿಲ್ ತೆಗೆದೆ.

“ಅಳಿಯಂದ್ರೇ, ಇಡ್ರೀ ಅದನ್ನ. ಸೀಸದ ಕಡ್ಡಿ ಅಲ್ಯೂಮಿನಿಯಂ ಮೇಲಾ?”

“ಒರೆಸಿಬಿಡ್ತೀನಿ ಮಾವ.”

“ಒರೆಸಿದ್ರೆ ಹೋಗಲ್ಲ ಅದು. ಮಾರ್ಕರ್ ತಗೊಳ್ಳಿ.”

ಪೆನ್ಸಿಲಿನ ಕಡ್ಡಿ ಗ್ರಾಫೈಟ್. ತೇವ ತಗುಲಿದರೆ ಗ್ರಾಫೈಟೂ ಅಲ್ಯೂಮಿನಿಯಮ್ಮೂ ಸೇರಿ ಸಣ್ಣ ಬ್ಯಾಟರಿಯ ಹಾಗೆ ಆಗುತ್ತದೆ. ಆ ಗೆರೆಯ ಉದ್ದಕ್ಕೂ ಲೋಹ ತಿಂದುಹೋಗುತ್ತದೆ. ಮೊಳೆಯಲ್ಲಿ ಗೀಚಿ ಗುರುತು ಮಾಡುವುದಂತೂ ಇನ್ನೂ ತಪ್ಪು. ಬಿರುಕು ಶುರುವಾಗೋದೇ ಅಂಥ ಗೀರಿನಿಂದ.

ಕೆಲಸ ಅಂದರೆ ಏನು? ತೂತು. ನಿಜವಾಗಿ ಅಷ್ಟೇ. ಹೊದಿಕೆ ಹಾಳೆಯ ಮೇಲೆ ಸಣ್ಣ ತೂತುಗಳು ಮೊದಲೇ ಇರುತ್ತವೆ. ಒಳಗಿನ ರಿಬ್ಬಿನ ಮೇಲೆ ನಾವು ಎಳೆದ ಗೆರೆ ಆ ತೂತಿನ ನಡುವೆ ಕಾಣುವ ಹಾಗೆ ಕೂರಿಸಬೇಕು. 40ನೇ ನಂಬರಿನ ಡ್ರಿಲ್ ಬಿಟ್ಟಿನಲ್ಲಿ, ಅಂದರೆ ಸುಮಾರು ಎರಡೂವರೆ ಮಿಲಿಮೀಟರ್, ಕೊರೆಯಬೇಕು. ಕೊರೆದ ಕೂಡಲೇ ಕ್ಲೀಕೋ ಹಾಕಬೇಕು. ಇದು ಸ್ಪ್ರಿಂಗ್ ಇರುವ ಪಿನ್ನು. ಇಕ್ಕಳದಲ್ಲಿ ಒತ್ತಿ ತೂತಿಗೆ ತೂರಿಸಿ ಬಿಟ್ಟರೆ ಎರಡು ತಗಡನ್ನೂ ಕಚ್ಚಿ ಹಿಡಿಯುತ್ತದೆ. ಮಾವ ಇದಕ್ಕೆ ‘ಸ್ಕಿನ್ ಪಿನ್’ ಅನ್ನುತ್ತಾರೆ. ಸಣ್ಣ ತೂತಿಗೆ ಬೆಳ್ಳಿ ಬಣ್ಣದ್ದು. ಆಮೇಲೆ 30ನೇ ನಂಬರಿಗೆ ಹಿಗ್ಗಿಸಿದರೆ (ನಂಬರ್ ಇಳಿದಷ್ಟೂ ತೂತು ದೊಡ್ಡದು) ತಾಮ್ರದ ಬಣ್ಣದ್ದು, 20ಕ್ಕೆ ಕಪ್ಪು. ದೂರದಿಂದ ನೋಡಿದರೂ ಕೆಲಸ ಎಲ್ಲಿಗೆ ಬಂದಿದೆ ಅಂತ ಗೊತ್ತಾಗುತ್ತದೆ. ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಅರ್ಧ ದಿನ ಹುಡುಕಿದೆ, ಸಿಗಲಿಲ್ಲ. ಹೊರಗಿನಿಂದಲೇ ತರಿಸಿದೆ.

ಎಲ್ಲ ಕೊರೆದಾಯಿತು, ರಿವೆಟ್ ಹೊಡೆಯೋಣ ಅಂತ ಕೂತರೆ ಮಾವ ಬಿಡಲಿಲ್ಲ. ಎಲ್ಲವನ್ನೂ ಮತ್ತೆ ಬಿಚ್ಚಿಸಿದರು. ಕೊರೆದ ತೂತಿನ ಅಂಚಿಗೆ ಲೋಹದ ಮುಳ್ಳು ಎದ್ದಿರುತ್ತದೆ, ಬರ್ ಅಂತ. ಅದು ಉಳಿದರೆ ಎರಡು ತಗಡು ಮೈಗೆ ಮೈ ಕೂರುವುದಿಲ್ಲ. ದಪ್ಪ ಡ್ರಿಲ್ ಬಿಟ್ಟಿಗೆ ಹಿಡಿ ಹಾಕಿ, ಪ್ರತಿ ತೂತಿನ ಎರಡೂ ಕಡೆ ಕೈಯಲ್ಲೇ ಮೆಲ್ಲಗೆ ಎರಡು ಸುತ್ತು ತಿರುಗಿಸಬೇಕು. ಜಾಸ್ತಿ ತಿರುಗಿಸಿದರೆ ತೆಳು ತಗಡು ಇನ್ನೂ ತೆಳುವಾಗುತ್ತದೆ. ಮಾವ ಕನ್ನಡಕ ಹಾಕಿಕೊಳ್ಳದೆ ಹೆಬ್ಬೆರಳಿನ ಉಗುರು ಆಡಿಸುತ್ತಾ ಹೋಗುತ್ತಿದ್ದರು. ಎಲ್ಲಿ ಉಗುರು ಸಿಕ್ಕಿಕೊಳ್ಳುತ್ತದೋ ಅಲ್ಲಿ ನಿಲ್ಲುತ್ತಿದ್ದರು. ಮಾತಿಲ್ಲ. ನಾನು ಹೋಗಿ ಮತ್ತೆ ಎರಡು ಸುತ್ತು.

ಆಮೇಲೆ ತಗಡುಗಳು ಒಂದಕ್ಕೊಂದು ತಾಗುವ ಕಡೆಯೆಲ್ಲ, ಲೋಹ ತಿಂದುಹೋಗದ ಹಾಗೆ, ಜಿಂಕ್ ಕ್ರೋಮೇಟ್ ಪ್ರೈಮರ್. ಇದು ವಿಷ. ಮಾಸ್ಕು, ಗ್ಲೌಸು ಇಲ್ಲದೆ ಮುಟ್ಟಬೇಡಿ. ನಾನು ಮಳೆಗಾಲದಲ್ಲಿ ಹಚ್ಚಿದ್ದು ದಡ್ಡತನ, ಬೇಗ ಒಣಗಲೇ ಇಲ್ಲ.

ದೊಡ್ಡ ತಪ್ಪು ನಡೆದದ್ದು ಆರನೇ ತಿಂಗಳಲ್ಲಿ, ಎಲ್ಲಕ್ಕಿಂತ ಮೇಲಿನ ರಿಬ್ಬಿನಲ್ಲಿ. ಗೆರೆ ಕಾಣುತ್ತಿರಲಿಲ್ಲ. ಸುಮ್ನೆ ಅಂದಾಜಿನ ಮೇಲೆ ಕೊರೆದೆ. ಬಿಚ್ಚಿ ನೋಡಿದರೆ ಮೂರು ತೂತು ರಿಬ್ಬಿನ ಅಂಚಿಗೇ ಬಂದುಬಿಟ್ಟಿವೆ. ತೂತಿನ ನಡುವಿನಿಂದ ಅಂಚಿಗೆ ಕಡಿಮೆ ಅಂದರೂ ರಿವೆಟ್ಟಿನ ದಪ್ಪದ ಎರಡರಷ್ಟು ಜಾಗ ಬೇಕು. ಇಲ್ಲದಿದ್ದರೆ ಎಳೆತಕ್ಕೆ ಅಂಚೇ ಹರಿದುಹೋಗುತ್ತದೆ. ತೂತು ಸ್ವಲ್ಪ ದೊಡ್ಡದಾಗಿದ್ದರೆ ಒಂದು ಸೈಜ್ ದೊಡ್ಡ ರಿವೆಟ್ ಹಾಕಬಹುದಿತ್ತು. ಅಂಚಿಗೆ ಹೋದ ತೂತಿಗೆ ಆ ಉಪಾಯ ನಡೆಯಲ್ಲ. ಮುಚ್ಚಿದರೆ ಹೊರಗಿನಿಂದ ಯಾರಿಗೂ ಕಾಣುತ್ತಿರಲಿಲ್ಲ ಅನ್ನೋದೂ ನಿಜ. ಆ ರಾತ್ರಿ ಮಾವನಿಗೆ ಹೇಳಲಿಲ್ಲ. ಬೆಳಿಗ್ಗೆ ಕಾಫಿ ಹೊತ್ತಿಗೆ ಹೇಳಿದೆ. “ನಿನ್ನೆನೇ ನೋಡ್ದೆ” ಅಂದರು. ಹೊಸ ರಿಬ್ ತರಿಸಿದೆ. ಅದು ಬಂದು ಸೇರಲು ಏಳು ವಾರ.

ರಿವೆಟ್ ಹೊಡೆದದ್ದು ಒಂದೂವರೆ ದಿನ. ಈ ಕಿಟ್ಟಿಗೆ ಬರುವ ರಿವೆಟ್ಟಿನ ತಲೆ ಚಪ್ಪಟೆ. ರಿವೆಟ್ ಎಳೆಯುವ ಗನ್ನಿನ ಮೂತಿಯಲ್ಲಿ ಸಣ್ಣ ಗುಳಿ ಇರುತ್ತದೆ. ಎಳೆದಾಗ ತಲೆ ಗುಮ್ಮಟದ ಹಾಗೆ ದುಂಡಗಾಗುತ್ತದೆ. ಪಕ್ಕದ ಮನೆ ಹುಡುಗ ಟಕ್ ಟಕ್ ಸದ್ದು ಕೇಳಿ ಬಂದು, ತಾನೂ ನಾಲ್ಕು ಹೊಡೆದ.

“ಹಾರುತ್ತಾ ಅಂಕಲ್?” ಅಂದ.

ಅದಕ್ಕೆ ಉತ್ತರ ಸುಲಭವಿಲ್ಲ. ಅಮೆರಿಕದಲ್ಲಿ ಅರ್ಧಕ್ಕಿಂತ ಜಾಸ್ತಿ ಕೆಲಸ ಕಟ್ಟಿದವನದ್ದೇ ಆಗಿದ್ದರೆ ‘ಎಕ್ಸ್‌ಪೆರಿಮೆಂಟಲ್’ ಅನ್ನುವ ವರ್ಗದಲ್ಲಿ ಹಾರಿಸೋಕೆ ಒಂದು ದಾರಿ ಇದೆ. ಇಲ್ಲಿ ವಿಮಾನಯಾನ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಡಿಜಿಸಿಎ ಒಪ್ಪಬೇಕು. ಮುಂಬೈಯಲ್ಲಿ ತಾರಸಿ ಮೇಲೆ ವಿಮಾನ ಕಟ್ಟಿದ ಪೈಲಟ್ ಅಮೋಲ್ ಯಾದವ್ ಅವರಿಗೆ ನೋಂದಣಿ ಸಿಕ್ಕಿದ್ದು 2017ರಲ್ಲಿ, ವರ್ಷಗಟ್ಟಲೆ ಅಲೆದ ಮೇಲೆ. ಹಾರಿಸಲೇಬೇಕು ಅನ್ನುವವರು ಎಂಜಿನ್‌ಗೆ ದುಡ್ಡು ಕಟ್ಟುವ ಮೊದಲು ಕಾಗದದ ದಾರಿ ವಿಚಾರಿಸಿ. ಬೆಂಗಳೂರು ಸಮುದ್ರ ಮಟ್ಟದಿಂದ 900 ಮೀಟರ್ ಮೇಲಿದೆ ಅನ್ನೋದನ್ನೂ ಮರೆಯಬೇಡಿ. ಗಾಳಿ ತೆಳು. 100 ಕುದುರೆಯ ಎಂಜಿನ್ನು ಇಲ್ಲಿ ಸುಮಾರು 90 ಕುದುರೆ ಅಷ್ಟೇ.

ರಡ್ಡರ್ ಈಗ ಮಹಡಿ ರೂಮಿನ ಮಂಚದ ಮೇಲೆ, ಹಳೇ ಬೆಡ್‌ಶೀಟ್ ಹೊದ್ದು ಮಲಗಿದೆ. ಕಾರು ಶೆಡ್ಡಿಗೆ ವಾಪಸ್ ಬಂದಿದೆ. ಮುಂದಿನದು ಬಾಲದ ಅಡ್ಡ ಭಾಗ. ಅದರ ಪೆಟ್ಟಿಗೆ ನಮ್ಮ ಗೇಟಿನೊಳಗೆ ಬರುತ್ತಾ ಅಂತ ಮಾವ ನಿನ್ನೆ ಟೇಪ್ ಹಿಡಿದು ಅಳೆಯುತ್ತಿದ್ದರು. ನಾನಿನ್ನೂ ಆರ್ಡರ್ ಮಾಡಿಲ್ಲ.