ಫಾರ್ಮ್ಯಾಟ್ ಹೊಡೆಸುವ ಮುಂಚೆ ರ‍್ಯಾಮ್ ಟೆಸ್ಟ್ ಮಾಡಿ

ದಾಲ್ ಮಿಲ್ ಆಫೀಸಿನ ಕಂಪ್ಯೂಟರ್. ಸರಿಯಾಗಿ ಬಿಲ್ ಪ್ರಿಂಟ್ ಕೊಡುವ ಹೊತ್ತಿಗೆ ಪರದೆ ನೀಲಿ ಆಗುತ್ತದೆ, ತಾನಾಗಿ ರೀಸ್ಟಾರ್ಟ್ ಆಗುತ್ತದೆ. ಅಂಗಡಿಗೆ ಒಯ್ದರೆ ಮೊದಲ ಮಾತು, "ವಿಂಡೋಸ್ ಹೋಗ್ಯಾದ್ರಿ, ಫಾರ್ಮ್ಯಾಟ್ ಹೊಡೀಬೇಕು." ಸರಿ, ಹೊಡೆಸಿದ್ದಾಯಿತು. ವಾರ ಕಳೆಯುವುದರೊಳಗೆ ಮತ್ತೆ ಅದೇ ಕಥೆ. ಎರಡನೇ ಸಲ ಹೋದರೆ, "ಬೋರ್ಡೇ ಹೋಗ್ಯಾದ್ರಿ ಸರ್."

ಕಲಬುರಗಿಯಲ್ಲಿ ಆನ್‌ಲೈನ್ ಸೆಂಟರ್, ಡಿಟಿಪಿ ಅಂಗಡಿ, ಟ್ಯೂಷನ್ ಕ್ಲಾಸು ನಡೆಸುವ ಯಾರನ್ನು ಕೇಳಿದರೂ ಇಂಥ ಒಂದು ಕಥೆ ಸಿಗುತ್ತದೆ. ಬೋರ್ಡ್ (ಎಲ್ಲ ಬಿಡಿಭಾಗ ಕೂರುವ ಮದರ್‌ಬೋರ್ಡ್) ಹೋಗಿದ್ದರೂ ಹೋಗಿರಬಹುದು. ಆದರೆ ಫಾರ್ಮ್ಯಾಟ್‌ಗೂ ಬೋರ್ಡಿಗೂ ದುಡ್ಡು ಹಾಕುವ ಮುಂಚೆ ನೋಡಬೇಕಾದ್ದು ರ‍್ಯಾಮ್. ಕಂಪ್ಯೂಟರ್ ಕೆಲಸ ಮಾಡುವಾಗ ಮಾಹಿತಿಯನ್ನು ತಾತ್ಕಾಲಿಕವಾಗಿ ಇಟ್ಟುಕೊಳ್ಳುವ ಮೆಮೊರಿ ಅದು. ಅದನ್ನು ಟೆಸ್ಟ್ ಮಾಡುವ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ. ಬೇಕಾಗುವುದು ಒಂದು ಹಳೆ ಪೆನ್‌ಡ್ರೈವ್ ಮತ್ತು ಒಂದು ರಾತ್ರಿ.

ರ‍್ಯಾಮ್ ಮೇಲೆ ಯಾವಾಗ ಅನುಮಾನ ಪಡಬೇಕು? ನೀಲಿ ಪರದೆಯಲ್ಲಿ ಪ್ರತಿ ಸಲ ಬೇರೆ ಬೇರೆ ಎರರ್ ಬರುತ್ತಿದ್ದರೆ, ಅದರಲ್ಲೂ 'ಮೆಮೊರಿ ಮ್ಯಾನೇಜ್‌ಮೆಂಟ್', 'ಪೇಜ್ ಫಾಲ್ಟ್' ಅನ್ನುವ ಹೆಸರು ಕಂಡರೆ. ಜಿಪ್ ಫೈಲ್ ಬಿಚ್ಚುವಾಗ ಒಂದು ಸಲ ಎರರ್, ಇನ್ನೊಂದು ಸಲ ಏನೂ ಇಲ್ಲ ಅಂದರೆ. ವಿಂಡೋಸ್ ಇನ್‌ಸ್ಟಾಲ್ ಅರ್ಧಕ್ಕೇ ನಿಂತರೆ. ಮದುವೆ ಕಾರ್ಡಿನ ಫೋಟೋ ನಿನ್ನೆ ಚೆನ್ನಾಗಿತ್ತು, ಇವತ್ತು ತೆಗೆದರೆ ಅಡ್ಡಡ್ಡ ಬಣ್ಣದ ಪಟ್ಟಿ ಕಾಣುತ್ತದೆ ಅಂದರೂ ಅಷ್ಟೇ. ಯಾವಾಗಲೂ ಒಂದೇ ಪ್ರೋಗ್ರಾಮ್ ತೆಗೆದಾಗ, ಒಂದೇ ರೀತಿ ಕೆಡುತ್ತಿದ್ದರೆ ಮಾತ್ರ ತಪ್ಪು ಆ ಪ್ರೋಗ್ರಾಮಿನದ್ದೇ ಇರುವ ಸಾಧ್ಯತೆ ಜಾಸ್ತಿ.

ಮೊದಲು ಬ್ಯಾಕಪ್, ಆದರೆ ಹುಷಾರಾಗಿ

ಎಲ್ಲರೂ "ಮೊದಲು ಬ್ಯಾಕಪ್ ತಗೊಳ್ಳಿ" ಅನ್ನುತ್ತಾರೆ. ಇಲ್ಲಿ ಒಂದು ತೊಡಕಿದೆ. ನೀವು ಕಾಪಿ ಮಾಡುವ ಫೈಲ್ ಹಾರ್ಡ್‌ಡಿಸ್ಕಿನಿಂದ ರ‍್ಯಾಮ್‌ಗೆ ಬಂದು, ಅಲ್ಲಿಂದ ಪೆನ್‌ಡ್ರೈವಿಗೆ ಹೋಗುತ್ತದೆ. ರ‍್ಯಾಮ್ ಕೆಟ್ಟಿದ್ದರೆ ದಾರಿಯಲ್ಲೇ ಫೈಲ್ ಕೆಡಬಹುದು. ಮೇಲೆ ನೋಡಿದರೆ ಗೊತ್ತೂ ಆಗುವುದಿಲ್ಲ. ಹೀಗಾಗಿ ಹಳೆ ಬ್ಯಾಕಪ್ ಇದ್ದರೆ ಅದರ ಮೇಲೆ ಹೊಸದನ್ನು ಬರೆಯಬೇಡಿ. ಬೇರೆ ಫೋಲ್ಡರಿಗೆ ಹಾಕಿ, ಹಳೆಯದನ್ನು ಹಾಗೇ ಬಿಡಿ. ಇನ್ನೊಂದು ದಾರಿ, ಹಾರ್ಡ್‌ಡಿಸ್ಕ್ ಬಿಚ್ಚಿ ಬೇರೆ ಕಂಪ್ಯೂಟರಿಗೆ ಹಾಕಿ ಅಲ್ಲಿ ಕಾಪಿ ಮಾಡುವುದು. ಟ್ಯಾಲಿ ಲೆಕ್ಕ ಇರುವವರು ಇದನ್ನೇ ಮಾಡುವುದು ಒಳ್ಳೆಯದು.

ಇದೇ ಕಾರಣಕ್ಕೆ ಟೆಸ್ಟ್ ಮುಗಿಯುವ ತನಕ ಡಿಸ್ಕ್ ರಿಪೇರಿ, ವಿಂಡೋಸ್ ಅಪ್‌ಡೇಟ್, ಫಾರ್ಮ್ಯಾಟ್ ಯಾವುದಕ್ಕೂ ಕೈ ಹಾಕಬೇಡಿ. ಕೆಟ್ಟ ರ‍್ಯಾಮ್ ಇಟ್ಟುಕೊಂಡು ಡಿಸ್ಕ್ ರಿಪೇರಿ ಓಡಿಸಿದರೆ ಚೆನ್ನಾಗಿದ್ದ ಫೈಲೂ ಹಾಳಾಗಬಹುದು.

ವಿಂಡೋಸ್ ಒಳಗಿನ ಟೆಸ್ಟ್

ಸ್ಟಾರ್ಟ್ ಮೆನುವಿನಲ್ಲಿ 'ವಿಂಡೋಸ್ ಮೆಮೊರಿ ಡಯಾಗ್ನಾಸ್ಟಿಕ್' ಎಂದು ಹುಡುಕಿ. ಈಗಲೇ ರೀಸ್ಟಾರ್ಟ್ ಮಾಡುವ ಆಯ್ಕೆ ಒತ್ತಿ. ನೀಲಿ ಪರದೆಯಲ್ಲಿ ಟೆಸ್ಟ್ ತಾನೇ ಶುರುವಾಗುತ್ತದೆ. ಆಗ ಎಫ್1 ಒತ್ತಿದರೆ ಬೇಸಿಕ್, ಸ್ಟ್ಯಾಂಡರ್ಡ್, ಎಕ್ಸ್‌ಟೆಂಡೆಡ್ ಅಂತ ಮೂರು ಬಗೆ ಕಾಣುತ್ತವೆ. ಎಕ್ಸ್‌ಟೆಂಡೆಡ್ ಆರಿಸಿ ಎಫ್10 ಒತ್ತಿ. ಮುಗಿದ ಮೇಲೆ ವಿಂಡೋಸ್ ತೆರೆದುಕೊಳ್ಳುತ್ತದೆ, ಬಲಗಡೆ ಮೂಲೆಯಲ್ಲಿ ಫಲಿತಾಂಶ ಬರುತ್ತದೆ. ಎಷ್ಟೋ ಸಲ ಅದು ಬರುವುದೇ ಇಲ್ಲ. ಆಗ 'ಈವೆಂಟ್ ವ್ಯೂವರ್' ತೆಗೆದು, ವಿಂಡೋಸ್ ಲಾಗ್ಸ್ ಒಳಗೆ ಸಿಸ್ಟಮ್‌ಗೆ ಹೋಗಿ 'ಮೆಮೊರಿ ಡಯಾಗ್ನಾಸ್ಟಿಕ್ಸ್ ರಿಸಲ್ಟ್ಸ್' ಹುಡುಕಿ.

ಇದು ಎರರ್ ತೋರಿಸಿದರೆ ನಂಬಿ. ಎರರ್ ಇಲ್ಲ ಅಂದರೆ ಅಷ್ಟಕ್ಕೇ ಸಮಾಧಾನ ಪಡಬೇಡಿ. ಅಪರೂಪಕ್ಕೆ ತಲೆ ಎತ್ತುವ ದೋಷ ಇದರ ಕಣ್ಣಿಗೆ ಬೀಳದೆ ಹೋಗುವುದುಂಟು.

ಪೆನ್‌ಡ್ರೈವ್ ಟೆಸ್ಟ್

ಈ ಕೆಲಸಕ್ಕೆ ಬಹಳ ವರ್ಷದಿಂದ ಹೆಸರಾದದ್ದು ಮೆಮ್‌ಟೆಸ್ಟ್86. ಕ್ರಿಸ್ ಬ್ರೇಡಿ ಎಂಬವರು 1994ರಲ್ಲಿ ಬರೆದದ್ದು. ಈಗ ಇದರಲ್ಲಿ ಎರಡು ಕವಲು ಇವೆ. ಒಂದು ಪಾಸ್‌ಮಾರ್ಕ್ ಕಂಪನಿಯ ಮೆಮ್‌ಟೆಸ್ಟ್86. ಇನ್ನೊಂದು ಓಪನ್ ಸೋರ್ಸ್ ಆದ ಮೆಮ್‌ಟೆಸ್ಟ್86 ಪ್ಲಸ್, ಇದರ ಆರನೇ ಆವೃತ್ತಿ 2022ರಲ್ಲಿ ಹೊಸದಾಗಿ ಬಂತು. ಎರಡೂ ಒಳ್ಳೆಯವೇ. ಪಾಸ್‌ಮಾರ್ಕ್‌ನ ಪುಕ್ಕಟೆ ಆವೃತ್ತಿ ನಾಲ್ಕು ಸುತ್ತಿಗೆ ನಿಲ್ಲುತ್ತದೆ. ಪ್ಲಸ್ ನೀವು ನಿಲ್ಲಿಸುವ ತನಕ ಓಡುತ್ತಲೇ ಇರುತ್ತದೆ. ಹಳೆ ಕಂಪ್ಯೂಟರುಗಳಲ್ಲೂ ನಡೆಯುತ್ತದೆ. ಹೀಗಾಗಿ ನನ್ನ ಓಟು ಪ್ಲಸ್‌ಗೆ.

ಪೆನ್‌ಡ್ರೈವಿನಿಂದಲೇ ಯಾಕೆ? ವಿಂಡೋಸ್ ಓಡುತ್ತಿರುವಾಗ ರ‍್ಯಾಮಿನ ದೊಡ್ಡ ಭಾಗ ಅದರ ಕೈಯಲ್ಲೇ ಇರುತ್ತದೆ. ಆ ಜಾಗವನ್ನು ಬೇರೆ ಪ್ರೋಗ್ರಾಮ್ ಮುಟ್ಟುವ ಹಾಗಿಲ್ಲ. ಮೆಮ್‌ಟೆಸ್ಟ್ ವಿಂಡೋಸ್ ಏಳುವ ಮುಂಚೆಯೇ ತಾನು ಎದ್ದು ಕೂರುತ್ತದೆ. ತಾನು ಕೂತ ಚೂರು ಜಾಗವನ್ನೂ ಬಿಡದೆ, ಪಕ್ಕಕ್ಕೆ ಸರಿದು ಅದನ್ನೂ ಪರೀಕ್ಷೆ ಮಾಡುತ್ತದೆ.

ಮೆಮ್‌ಟೆಸ್ಟ್ ಡಾಟ್ ಆರ್ಗ್ ತಾಣದಲ್ಲಿ ವಿಂಡೋಸ್‌ಗಾಗಿ ಯುಎಸ್‌ಬಿ ಇನ್‌ಸ್ಟಾಲರ್ ಸಿಗುತ್ತದೆ. ಇದನ್ನು ಚೆನ್ನಾಗಿರುವ ಬೇರೆ ಕಂಪ್ಯೂಟರಿನಲ್ಲಿ ಇಳಿಸಿಕೊಳ್ಳಿ. ಪೆನ್‌ಡ್ರೈವ್ ಹಾಕಿ, ಇನ್‌ಸ್ಟಾಲರ್‌ನಲ್ಲಿ ಆರಿಸಿದ ಡ್ರೈವ್ ಅಕ್ಷರ (ಇ:, ಎಫ್: ಥರದ್ದು) ಅದರದ್ದೇನಾ ಎಂದು ಎರಡು ಸಲ ನೋಡಿ, ಆಮೇಲೆ ಬರೆಯಲು ಕೊಡಿ. ಅದರಲ್ಲಿ ಇದ್ದದ್ದೆಲ್ಲ ಅಳಿಸಿ ಹೋಗುತ್ತದೆ.

ಕೆಟ್ಟ ಕಂಪ್ಯೂಟರಿಗೆ ಅದನ್ನು ಹಾಕಿ ಆನ್ ಮಾಡಿ. ಆನ್ ಆಗುತ್ತಿದ್ದಂತೆ ಬೂಟ್ ಮೆನು ಕೀ ಒತ್ತುತ್ತಾ ಇರಿ. ಡೆಲ್, ಲೆನೊವೊದಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9. ಅಸೆಂಬಲ್ಡ್ ಆದರೆ ಬೋರ್ಡಿನ ಮೇಲೆ ಹೋಗುತ್ತದೆ: ಗಿಗಾಬೈಟ್‌ಗೆ ಎಫ್12, ಎಂಎಸ್‌ಐಗೆ ಎಫ್11, ಏಸಸ್‌ಗೆ ಎಫ್8. ಪಟ್ಟಿಯಲ್ಲಿ ಪೆನ್‌ಡ್ರೈವ್ ಆರಿಸಿ. ಅದು ತೆರೆಯದೆ 'ಸೆಕ್ಯೂರ್ ಬೂಟ್' ಎಂದು ತಕರಾರು (ನಂಬಿಕೆಯ ಸಾಫ್ಟ್‌ವೇರ್ ಮಾತ್ರ ಬೂಟ್ ಆಗಲು ಬಿಡುವ ಕಾವಲು ಅದು) ಬಂದರೆ, ವಿಂಡೋಸ್‌ಗೂ ಮುಂಚೆ ತೆರೆಯುವ ಸೆಟ್ಟಿಂಗ್ ಪರದೆಯಾದ ಬಯಾಸ್‌ಗೆ ಹೋಗಿ ಆ ಸೆಟ್ಟಿಂಗ್ ಆಫ್ ಮಾಡಬೇಕು. ಲ್ಯಾಪ್‌ಟಾಪ್‌ನವರು ಇಲ್ಲಿ ಒಂದು ನಿಮಿಷ ನಿಲ್ಲಿ. ಡಿಸ್ಕಿಗೆ ಬಿಟ್‌ಲಾಕರ್ ಬೀಗ ಇದ್ದರೆ ಈ ಬದಲಾವಣೆ ಆದ ಮೇಲೆ ವಿಂಡೋಸ್ 48 ಅಂಕಿಯ ರಿಕವರಿ ಕೀ ಕೇಳಬಹುದು. ಅದು ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಇದೆಯಾ ನೋಡಿ, ಕಾಗದದ ಮೇಲೆ ಬರೆದಿಟ್ಟುಕೊಂಡೇ ಮುಂದಕ್ಕೆ ಹೋಗಿ.

ಮೆಮ್‌ಟೆಸ್ಟ್ ತೆರೆದರೆ ನೀವು ಏನೂ ಒತ್ತುವುದು ಬೇಡ, ಕೆಲವು ಸೆಕೆಂಡಿನಲ್ಲಿ ತಾನೇ ಶುರು ಮಾಡುತ್ತದೆ. ಒಂದು ಸುತ್ತಿಗೆ ಎಷ್ಟು ಹೊತ್ತು ಅನ್ನುವುದು ಯಂತ್ರದ ಮೇಲೆ. 8 ಜಿಬಿಗೆ ಅರ್ಧ ಗಂಟೆಯೂ ಆಗಬಹುದು, ಹಳೆಯದಾದರೆ ಎರಡು ಗಂಟೆಯೂ ಆಗಬಹುದು. 'ಬಿಟ್ ಫೇಡ್' ಎಂಬ ಟೆಸ್ಟಿಗೆ ಬಂದಾಗ ಪರದೆ ನಿಂತ ಹಾಗೆ ಕಾಣುತ್ತದೆ. ಹ್ಯಾಂಗ್ ಆಯಿತು ಎಂದು ಪವರ್ ಬಟನ್ ಒತ್ತಿಬಿಡಬೇಡಿ. ರ‍್ಯಾಮ್‌ನಲ್ಲಿ ಒಂದು ಮಾದರಿ ಬರೆದಿಟ್ಟು, ನಿಮಿಷಗಟ್ಟಲೆ ಸುಮ್ನೆ ಬಿಟ್ಟು, ಆಮೇಲೆ ಅದು ಹಾಗೇ ಉಳಿದಿದೆಯಾ ಎಂದು ನೋಡುವುದೇ ಆ ಟೆಸ್ಟು.

ನಡುವೆ ಕರೆಂಟ್ ಹೋದರೆ? ಏನೂ ಆಗುವುದಿಲ್ಲ. ಈ ಟೆಸ್ಟ್ ಹಾರ್ಡ್‌ಡಿಸ್ಕಿಗೆ ಏನನ್ನೂ ಬರೆಯುವುದಿಲ್ಲ. ಮೊದಲಿನಿಂದ ಶುರು ಮಾಡಬೇಕು, ಅಷ್ಟೇ. ಜೆಸ್ಕಾಂ ಮೇಲೆ ಪೂರ್ತಿ ಭರವಸೆ ಇಡುವುದು ಬೇಡ ಅನಿಸಿದರೆ ಯುಪಿಎಸ್ ಇರುವ ಕಡೆ ಮಾಡಿ.

ಬಿಸಿಲಿನ ಮಾತೂ ಇದೆ. ಏಪ್ರಿಲ್, ಮೇನಲ್ಲಿ ನಮ್ಮಲ್ಲಿ ಪಾರಾ 42 ಡಿಗ್ರಿ ದಾಟುತ್ತದೆ. ಕಾದಾಗ ಮಾತ್ರ ತಪ್ಪು ಮಾಡುವ ಚಿಪ್ ಇರುತ್ತವೆ. ಮಧ್ಯಾಹ್ನ ಮೂರಕ್ಕೆ ಕೆಡುವ ಕಂಪ್ಯೂಟರನ್ನು ರಾತ್ರಿ ಕೂಲರ್ ಮುಂದೆ ಇಟ್ಟು ಟೆಸ್ಟ್ ಮಾಡಿದರೆ ಅದು ಪಾಸಾಗದೆ ಇನ್ನೇನು ಮಾಡೀತು? ಯಾವ ಹೊತ್ತಿಗೆ, ಯಾವ ಕೋಣೆಯಲ್ಲಿ ಕೆಡುತ್ತದೋ ಅಲ್ಲೇ ಒಂದು ಸುತ್ತಾದರೂ ಓಡಿಸಿ.

ಪರದೆ ಓದುವುದು

ಎರರ್ ಇಲ್ಲದೆ ಸುತ್ತು ಮುಗಿದರೆ ದೊಡ್ಡದಾಗಿ 'ಪಾಸ್' ಎಂದು ಬರುತ್ತದೆ. ಒಂದೇ ಸುತ್ತಿಗೆ ನಿಲ್ಲಿಸಬೇಡಿ, ನಾಲ್ಕಾದರೂ ಆಗಲಿ. ಎರರ್ ಬಂದರೆ ಒಂದೊಂದಕ್ಕೂ ಒಂದು ಸಾಲು ಬೀಳುತ್ತದೆ: ಯಾವ ವಿಳಾಸದಲ್ಲಿ, ಏನು ಇರಬೇಕಿತ್ತು, ಏನು ಸಿಕ್ಕಿತು. ಆ ಅಂಕಿ ಉದ್ದವಾಗಿರುತ್ತದೆ. ಕೊನೆಯ ಎಂಟನ್ನು ಮಾತ್ರ ನೋಡೋಣ. ಉದಾಹರಣೆಗೆ, ಇರಬೇಕಿದ್ದದ್ದು 55555555, ಸಿಕ್ಕಿದ್ದು 55555455. ಇಲ್ಲಿ ಒಂದೊಂದು ಅಂಕಿಯೂ ನಾಲ್ಕು ಬಿಟ್, ಅಂದರೆ 0 ಅಥವಾ 1 ಹಿಡಿಯುವ ನಾಲ್ಕು ಮನೆ. 5 ಅಂದರೆ 0101, 4 ಅಂದರೆ 0100. ಅಂದರೆ ಒಂದೇ ಒಂದು ಬಿಟ್‌ನಲ್ಲಿ 1 ಬರೆದದ್ದು 0 ಆಗಿ ವಾಪಸ್ ಬಂದಿದೆ. ಕೋಟ್ಯಂತರ ಬಿಟ್‌ಗಳಲ್ಲಿ ಒಂದು ತಾನೇ ಅಂದುಕೊಳ್ಳಬೇಡಿ. ಆ ಬಿಟ್ ನಾಳೆ ನಿಮ್ಮ ಬಿಲ್ಲಿನ ಮೊತ್ತದೊಳಗೇ ಕೂತಿರಬಹುದು. ಇಲ್ಲಿ ಸೊನ್ನೆ ಎರರ್ ಅಂದರೆ ಮಾತ್ರ ಪಾಸು.

ಯಾವುದನ್ನಾದರೂ ಎಸೆಯುವ ಮುಂಚೆ ಆ ಪರದೆಯ ಫೋಟೋ ತೆಗೆದಿಡಿ. ರ‍್ಯಾಮ್‌ಗೆ ಎಷ್ಟೋ ಬ್ರಾಂಡ್‌ಗಳು ಹಲವು ವರ್ಷದ ವಾರಂಟಿ ಕೊಡುತ್ತವೆ, ಬದಲಿ ಕೇಳುವಾಗ ಆ ಫೋಟೋ ಕೆಲಸಕ್ಕೆ ಬರುತ್ತದೆ.

ಎರರ್ ಬಂತು, ಸ್ಟಿಕ್ಕೇ ಕೆಟ್ಟಿದೆಯಾ?

ಸ್ಟಿಕ್ ಅಂದರೆ ಬೋರ್ಡಿನ ಸ್ಲಾಟಿಗೆ ಕೂರಿಸುವ ರ‍್ಯಾಮಿನ ಪಟ್ಟಿ. ಕೆಟ್ಟಿದ್ದು ಅದೇನಾ? ಗೊತ್ತಿಲ್ಲ, ಹುಡುಕಬೇಕು. ನನ್ನ ಪ್ರಕಾರ ಇಡೀ ಕೆಲಸದಲ್ಲಿ ತಾಳ್ಮೆ ಬೇಕಾಗುವುದು ಇಲ್ಲೇ, ಜನ ಅವಸರ ಮಾಡುವುದೂ ಇಲ್ಲೇ.

ಮೊದಲು ಬಯಾಸ್‌ಗೆ ಹೋಗಿ 'ಎಕ್ಸ್‌ಎಂಪಿ' ಆನ್ ಇದೆಯಾ ನೋಡಿ. ಅದು ರ‍್ಯಾಮನ್ನು ಮಾಮೂಲಿಗಿಂತ ಜೋರಾಗಿ ಓಡಿಸುವ ಸೆಟ್ಟಿಂಗ್. ಗೇಮ್ ಆಡುವ ಹುಡುಗರ ಕಂಪ್ಯೂಟರಿನಲ್ಲಿ ಸಾಮಾನ್ಯವಾಗಿ ಆನ್ ಇರುತ್ತದೆ. ಆಫ್ ಮಾಡಿ ಮತ್ತೆ ಟೆಸ್ಟ್ ಮಾಡಿ. ಎರರ್ ಹೋದರೆ ವೇಗವೇ ಜಾಸ್ತಿ ಆಗಿತ್ತು. ಸ್ಟಿಕ್ಕಿಗೆ ಬರೆದ ವೇಗದಲ್ಲಿ ಅದು ಓಡುತ್ತಿಲ್ಲ ಅಂದರೆ ವಾರಂಟಿಯಲ್ಲಿ ಕೇಳಬಹುದು, ಇಲ್ಲವೇ ಹಾಗೇ ಮಾಮೂಲಿ ವೇಗದಲ್ಲಿ ಬಳಸಬಹುದು.

ಹೋಗಲಿಲ್ಲವೇ? ವೈರ್ ಕಿತ್ತು, ಪವರ್ ಬಟನ್ ಒಂದೆರಡು ಸಲ ಒತ್ತಿ ಉಳಿದ ಕರೆಂಟ್ ಖಾಲಿ ಮಾಡಿ. ಕ್ಯಾಬಿನೆಟ್‌ನ ಬಣ್ಣ ಇಲ್ಲದ ಲೋಹದ ಭಾಗ ಮುಟ್ಟಿ, ಮೈಯಲ್ಲಿನ ಸ್ಟ್ಯಾಟಿಕ್ ಹೋಗಲಿ. ನಮ್ಮ ಒಣ ಬೇಸಿಗೆಯಲ್ಲಿ ಇದು ತಮಾಷೆಯಲ್ಲ. ಆಮೇಲೆ ಎರಡೂ ಕಡೆಯ ಕ್ಲಿಪ್ ಒತ್ತಿ ಸ್ಟಿಕ್ ತೆಗೆಯಿರಿ. ಬಂಗಾರದ ಬಣ್ಣದ ಹಲ್ಲುಗಳಿಗೆ ಬೆರಳು ತಾಗಿಸಬೇಡಿ. ಶಹಾಬಾದ್, ವಾಡಿ, ಸೇಡಂ ಕಡೆ ಕಲ್ಲುಪುಡಿ, ಸಿಮೆಂಟ್ ಧೂಳು, ಮಿಲ್ಲಿನಲ್ಲಾದರೆ ತೊಗರಿ ಹೊಟ್ಟು. ಸ್ಲಾಟ್ ಒಳಗೆ ಇಣುಕಿದರೆ ಕಾಣುತ್ತದೆ. ಬ್ಲೋವರ್ ಇದ್ದರೆ ದೂರದಿಂದ ಊದಿ. ಬಾಯಿಂದ ಊದಬೇಡಿ, ಉಗುಳು ಹೋಗುತ್ತದೆ. ಹಲ್ಲುಗಳನ್ನು ಅಂಗಡಿಯವರು ರಬ್ಬರಿನಿಂದ ಉಜ್ಜುತ್ತಾರೆ. ನಡೆಯುತ್ತದೆ, ಆದರೆ ಅದರ ಪುಡಿ ಸ್ಲಾಟಿಗೆ ಬೀಳಬಾರದು. ಐಸೊಪ್ರೊಪೈಲ್ ಆಲ್ಕೋಹಾಲ್ ಮತ್ತು ಮೆತ್ತನೆ ಬಟ್ಟೆ ಇದ್ದರೆ ಅದೇ ಮೇಲು. ಪೂರ್ತಿ ಆರಿದ ಮೇಲೆ, ಕ್ಲಿಪ್ 'ಟಕ್' ಅನ್ನುವ ತನಕ ಒತ್ತಿ ಕೂರಿಸಿ. ಎಷ್ಟೋ ಸಲ ಇಷ್ಟಕ್ಕೇ ರೋಗ ಹೋಗುತ್ತದೆ.

ಇನ್ನೂ ಎರರ್ ಇದ್ದರೆ ಒಂದೇ ಸ್ಟಿಕ್ ಹಾಕಿ ಟೆಸ್ಟ್ ಮಾಡಿ. ನಾಲ್ಕು ಸ್ಲಾಟಿನ ಬೋರ್ಡಾದರೆ ಒಂದೇ ಸ್ಟಿಕ್ಕಿಗೆ ಸಾಮಾನ್ಯವಾಗಿ ಪ್ರೊಸೆಸರ್ ಕಡೆಯಿಂದ ಎರಡನೇ ಸ್ಲಾಟ್. ಆಮೇಲೆ ಅದೇ ಸ್ಲಾಟಿಗೆ ಇನ್ನೊಂದು ಸ್ಟಿಕ್. ಒಂದು ಪಾಸ್ ಆಗಿ ಇನ್ನೊಂದು ಫೇಲ್ ಆದರೆ ಕಳ್ಳ ಸಿಕ್ಕ. ಎರಡೂ ಅಲ್ಲಿ ಫೇಲ್ ಆಗಿ, ಬೇರೆ ಸ್ಲಾಟಿನಲ್ಲಿ ಎರಡೂ ಪಾಸ್ ಆದರೆ ತಪ್ಪು ಸ್ಲಾಟಿನದು. ಆಗ ಆ ಸ್ಲಾಟ್ ಬಿಟ್ಟು ಕೆಲಸ ನಡೆಸಬಹುದು. ಎಲ್ಲ ಕಡೆ ಎಲ್ಲ ಸ್ಟಿಕ್ಕೂ ಫೇಲ್ ಅಂದರೆ ಆಗ ಬೋರ್ಡ್, ಪ್ರೊಸೆಸರ್, ಎಸ್‌ಎಂಪಿಎಸ್ (ಕರೆಂಟ್ ಕೊಡುವ ಡಬ್ಬಿ) ಕಡೆ ನೋಡಿ. ಅಂಗಡಿಯವರ "ಬೋರ್ಡ್ ಹೋಗ್ಯಾದ್ರಿ" ಮಾತು ಆಗ ನಿಜ ಇರಬಹುದು. ಪ್ರತಿ ಟೆಸ್ಟಿನ ಫಲಿತಾಂಶ ಒಂದು ಚೀಟಿಯಲ್ಲಿ ಬರೆಯುತ್ತಾ ಹೋಗಿ, ಇಲ್ಲದಿದ್ದರೆ ಮೂರನೇ ಬದಲಾವಣೆಗೆ ಎಲ್ಲ ಕಲಸಿಹೋಗುತ್ತದೆ.

ತೆಳು ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮ್ ಬೋರ್ಡಿಗೇ ಬೆಸುಗೆ ಆಗಿರುತ್ತದೆ, ಬಿಚ್ಚುವ ಮಾತಿಲ್ಲ. ವಾರಂಟಿ ಇದ್ದರೆ ಸರ್ವೀಸ್ ಸೆಂಟರ್. ಇಲ್ಲದಿದ್ದರೆ, ಲಿನಕ್ಸ್ ಬಳಸುವವರು ಆ ಕೆಟ್ಟ ವಿಳಾಸವನ್ನು ಮುಟ್ಟಬೇಡ ಎಂದು ಸಿಸ್ಟಮ್‌ಗೆ ಹೇಳಿಡಬಹುದು.

ಹೊಸದು ಕೊಳ್ಳುವಾಗ ಹಳೆ ಸ್ಟಿಕ್ಕನ್ನೇ ಒಯ್ಯಿರಿ. ಡಿಡಿಆರ್3, ಡಿಡಿಆರ್4, ಡಿಡಿಆರ್5 ಎಂಬ ಮೂರು ತಲೆಮಾರಿನ ರ‍್ಯಾಮಿಗೂ ನಡುವಿನ ಕಚ್ಚು ಬೇರೆ ಬೇರೆ ಕಡೆ ಇರುತ್ತದೆ, ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. ಬಿಲ್ಲಿನ ಮೇಲೆ ಸೀರಿಯಲ್ ನಂಬರ್ ಬರೆಸಿಕೊಳ್ಳಿ. ತಂದ ರಾತ್ರಿಯೇ ಅದನ್ನೂ ನಾಲ್ಕು ಸುತ್ತು ಟೆಸ್ಟಿಗೆ ಹಾಕಿ, ಹೊಸ ಪ್ಯಾಕೆಟ್ಟಿನಲ್ಲೂ ಕೆಟ್ಟ ಮಾಲು ಇರುತ್ತದೆ. ಅದು ಪಾಸಾದ ಮೇಲೆ ಸೆಕ್ಯೂರ್ ಬೂಟ್ ವಾಪಸ್ ಆನ್ ಮಾಡಿ, ಡಿಸ್ಕ್ ಚೆಕ್ ಓಡಿಸಿ. ಫಾರ್ಮ್ಯಾಟ್ ಬೇಕೇ ಅನ್ನುವುದನ್ನು ಆಗ ನೋಡಿದರಾಯಿತು.