ಮೂರು ಸಾಲಿನ ಚೀಟಿ ಮತ್ತು ನನ್ನ ಮೊದಲ ಇಂಟರ್ನ್‌ಶಿಪ್

ಕೆಲಸಕ್ಕೆ ಕೈ ಹಾಕೋ ಮುಂಚೆ ನನಗೆ ಅರ್ಥವಾಗಿದ್ದನ್ನ ಚೀಟಿ ಬರೆದು ಎದುರಿನವರ ಹತ್ತಿರ ಖಾತ್ರಿ ಮಾಡಿಕೊಳ್ಳೋದು ನನ್ನ ಅಭ್ಯಾಸ. "ಪ್ರತಿಯೊಂದನ್ನೂ ಹೀಗೆ ಬರೆದು ಕೇಳ್ತಾ ಕೂತರೆ ನಿನ್ನನ್ನ ದಡ್ಡ ಅಂದ್ಕೋತಾರೆ" ಅಂತ ರೂಮ್‌ಮೇಟ್ ಹೇಳಿದ್ದ. ಕಾಲೇಜಿನ ಸೀನಿಯರ್ ಕೂಡ ಅದನ್ನೇ ಅಂದಿದ್ದ. ಜೂನ್ ಕೊನೆಗೆ ನಮ್ಮ ಏಳು ಇಂಟರ್ನ್‌ಗಳಲ್ಲಿ ಆಫರ್ ಸಿಕ್ಕಿದ್ದು ಇಬ್ಬರಿಗೆ. ಅದರಲ್ಲಿ ನಾನೊಬ್ಬ. ಅದಕ್ಕೇ ಈಗ ಧೈರ್ಯವಾಗಿ ಬರೀತಿದ್ದೇನೆ.

ನಾನು ಗದಗ ಕಡೆಯವನು. 2025ರ ಜನವರಿ ಕೊನೆಗೆ ಮಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಗೆ ಟೆಸ್ಟಿಂಗ್ ಇಂಟರ್ನ್ ಆಗಿ ಸೇರಿದೆ. ಸ್ಟೈಪೆಂಡ್ 12,000. ಬಿಜೈ ಹತ್ತಿರದ ಪಿಜಿಗೆ ಆರೂವರೆ ಸಾವಿರ, ಬಸ್ಸು ಮತ್ತು ಮಧ್ಯಾಹ್ನದ ಊಟಕ್ಕೆ ಮೂರು ಮೂರೂವರೆ. ತಿಂಗಳಿಗೆ ಎರಡು ಸಾವಿರ ಉಳಿದರೆ ದೊಡ್ಡದು. ಲೀಡ್ ಮೇಡಂ ಮನೆಮಾತು ಕೊಂಕಣಿ, ಪಕ್ಕದ ಸೀಟಿನವ ಬ್ಯಾರಿ (ಕರಾವಳಿಯ ಮುಸ್ಲಿಂ ಸಮುದಾಯದವ), ಡೆವಲಪರ್‌ಗಳಲ್ಲಿ ಮೂವರು ತುಳುವರು, ಒಬ್ಬ ಕಾಸರಗೋಡಿನವ, ಒಬ್ಬ ಪಟ್ನಾದವ, ಆನ್‌ಲೈನಿನ ಆ ತುದಿಗೆ ಜರ್ಮನಿಯಲ್ಲಿದ್ದ ಇಬ್ಬರು. ಇಂಗ್ಲಿಷ್ ಎಲ್ಲರಿಗೂ ಬರುತ್ತಿತ್ತು, ಆದರೆ ಒಬ್ಬೊಬ್ಬರದು ಒಂದೊಂದು ಇಂಗ್ಲಿಷ್.

ನಾನು ಮೊದಲು ಎಡವಿದ್ದು ಮಾತ್ರ ಕನ್ನಡದಲ್ಲೇ. "ರಿಪೋರ್ಟ್ ಸಂಜೆಯೊಳಗೆ ಕಳಿಸ್ಲಿಕ್ಕುಂಟು, ಆಯ್ತಾ?" ಅಂದರು ಮೇಡಂ. ಮುಗೀತಾ ಅಂತ ಕೇಳ್ತಿದ್ದಾರೆ ಅಂದುಕೊಂಡು "ಇಲ್ರಿ ಮೇಡಂ" ಅಂದೆ. ಅವರ ಮುಖ ನೋಡಬೇಕಿತ್ತು! ಇಲ್ಲಿ 'ಆಯ್ತಾ' ಅಂದರೆ 'ಸರಿ ತಾನೇ' ಅಂತ ಗೊತ್ತಾಗಲು ಒಂದು ವಾರ ಬೇಕಾಯಿತು.

ಫೆಬ್ರವರಿಯಲ್ಲಿ ಜರ್ಮನಿಯಿಂದ ಒಬ್ಬರು ಎರಡು ವಾರ ಬಂದಿದ್ದರು. ನಾಳೆ 'ಹಾಫ್ ಟೆನ್'ಗೆ ಕೂರೋಣ ಅಂದರು. ನನ್ನ ತಲೆಯಲ್ಲಿ ಅದು ಹತ್ತೂವರೆ. ಅವರ ಭಾಷೆಯ ಲೆಕ್ಕದಲ್ಲಿ ಹತ್ತಕ್ಕೆ ಅರ್ಧ ಬಾಕಿ, ಅಂದರೆ ಒಂಬತ್ತೂವರೆ. ಒಂದು ಗಂಟೆ ಅವರು ಕಾಯ್ದರು. ಏನೂ ಅನ್ನಲಿಲ್ಲ, ಅದೇ ಹೆಚ್ಚು ಚುಚ್ಚಿತು.

ದುಡ್ಡಿನ ಪೆಟ್ಟು ಬಿದ್ದಿದ್ದು ಬಿಲ್ಲಿಂಗ್ ಡೇಟಾದಲ್ಲಿ. ಜರ್ಮನಿಯವರು ಕಳಿಸಿದ ಫೈಲಿನಲ್ಲಿ 1.250 ಅಂತ ಇತ್ತು. ನಾನು ಒಂದೂಕಾಲು ಅಂತ ಓದಿದೆ. ಜರ್ಮನಿಯಲ್ಲಿ ಸಾವಿರಕ್ಕೆ ಚುಕ್ಕಿ, ದಶಮಾಂಶಕ್ಕೆ ಅಲ್ಪವಿರಾಮ. ಅದು ಸಾವಿರದ ಇನ್ನೂರೈವತ್ತು. ಒಂದೂವರೆ ಲಕ್ಷಕ್ಕೆ 1,50,000 ಅಂತ ಬರೆಯೋ ನಮ್ಮ ಕೈಗೆ ಇದೆಲ್ಲಿ ಹೊಳೆಯಬೇಕು? ಆ ವಾರ ನಲವತ್ತರ ಹತ್ತಿರ ಬಗ್ (ಇಲ್ಲಿ ತಪ್ಪಿದೆ ಅನ್ನೋ ವರದಿ) ಹಾಕಿದ್ದೆ, ಮೂವತ್ತಕ್ಕೂ ಹೆಚ್ಚು ಸುಳ್ಳು. ಎರಡು ದಿನ ಆ ಕಡೆಯ ಡೆವಲಪರ್ ಅದನ್ನೇ ಹುಡುಕಿದ್ದಾರೆ. "ಆ ಎರಡು ದಿನದ ಬಿಲ್ಲು ನಿನ್ನ ಐದು ತಿಂಗಳ ಸ್ಟೈಪೆಂಡಿಗಿಂತ ಜಾಸ್ತಿ ಮಾರಾಯ" ಅಂದರು ಮೇಡಂ.

ಬರೆದು ಖಾತ್ರಿ ಮಾಡಿಕೊಳ್ಳೋಣ ಅಂತ ಶುರು ಮಾಡಿದ್ದು ಆಗಲೇ. ಮೊದಮೊದಲು ಪುಟಗಟ್ಟಲೆ ಬರೆದೆ, ಯಾರೂ ಓದಲಿಲ್ಲ. ಆಮೇಲೆ ವಾಯ್ಸ್ ನೋಟ್ ಕಳಿಸಿ ನೋಡಿದೆ. ಪಟ್ನಾದವನಿಗೆ ನನ್ನ ಉಚ್ಚಾರ ನಗು ತಂದಿತು, ಅಷ್ಟೇ ಲಾಭ.

ನಂತರ ಮಾರ್ಚ್ 31. ಯುಗಾದಿ ಮುಗಿಸಿ ಊರಿಂದ ರಾತ್ರಿ ಬಸ್ಸಿಗೆ ಬಂದಿಳಿದಿದ್ದೆ. ಅವತ್ತು ಈದ್, ಪಕ್ಕದವ ರಜೆ. ಜರ್ಮನಿಯವರಿಗೆ ನಮ್ಮ ಕೆಲಸ ತೋರಿಸುವ ಡೆಮೊ ನನ್ನ ಹೆಗಲಿಗೆ ಬಿತ್ತು. ಎಂದಿನಂತೆ ಮಧ್ಯಾಹ್ನ ಎರಡೂವರೆಗೆ ಅಲಾರಾಂ ಇಟ್ಟು ಊಟಕ್ಕೆ ಹೋದೆ. ನಾನು ಬೇವು ಬೆಲ್ಲ ತಿಂದ ಆ ಭಾನುವಾರವೇ ಯುರೋಪಿನಲ್ಲಿ ಗಡಿಯಾರ ಒಂದು ಗಂಟೆ ಮುಂದಕ್ಕೆ ಹೋಗಿತ್ತು. ಅವರ ಹತ್ತು ಗಂಟೆ ಈಗ ನಮ್ಮ ಒಂದೂವರೆ. ಕುಚ್ಚಲಕ್ಕಿ ಅನ್ನಕ್ಕೆ ಸಾರು ಹಾಕಿಕೊಳ್ಳುವಾಗ ಫೋನಿನಲ್ಲಿ ಒಂಬತ್ತು ಮಿಸ್ಡ್ ಕಾಲ್.

ಏಪ್ರಿಲ್ ಒಂದರಿಂದ ಚೀಟಿ ಮೂರೇ ಸಾಲಿಗೆ ಇಳಿಯಿತು. ಏನು ಮಾಡ್ತೇನೆ, ಏನು ಮಾಡಲ್ಲ, ಅಂಕಿ ಮತ್ತು ಸಮಯ. ತಿಂಗಳನ್ನು ಅಕ್ಷರದಲ್ಲಿ, ಗಂಟೆಯನ್ನು ಅವರದು ನಮ್ಮದು ಎರಡೂ. ಚಾಟ್‌ನಲ್ಲಿ ಹಾಕಿ ಹದಿನೈದು ನಿಮಿಷ ಕಾಯುವುದು, ತಿದ್ದಿದರೆ ತಿದ್ದಿಸಿಕೊಂಡು ಶುರು ಮಾಡುವುದು. ಎರಡನೇ ಸಾಲನ್ನು ಹೇಗೆ ಬರೆದರೆ ಎದುರಿನವರು ಉತ್ತರ ಕೊಡದೆ ಇರೋಕೇ ಆಗಲ್ಲ ಅನ್ನೋದು ನನ್ನ ಹತ್ತಿರವೇ ಇರಲಿ; ಅದೇ ಟೀಮಿಗೆ ನನ್ನ ಜೂನಿಯರ್ ಒಬ್ಬ ಹೋಗ್ತಿದ್ದಾನೆ, ಅವನೂ ಸ್ವಲ್ಪ ಒದ್ದಾಡಲಿ.

ರಜೆಗಳಿಗೂ ಒಂದು ಚೀಟಿ ಮಾಡಿ ನೋಡಿದೆ. ನನಗೆ ಹೊಸ ವರ್ಷ ಯುಗಾದಿ, ತುಳುವರಿಗೆ ಏಪ್ರಿಲ್ 14ರ ಬಿಸು, ಕಾಸರಗೋಡಿನವನಿಗೆ ಅದೇ ದಿನ ವಿಷು. ಗುಡ್ ಫ್ರೈಡೆಗೆ ಮೇಡಂ ಇಲ್ಲ, ಜರ್ಮನಿಯವರಿಗೆ ಈಸ್ಟರ್ ಸೋಮವಾರವೂ ರಜೆ. ಆ ತಿಂಗಳು ಒಂದು ರಿಲೀಸೂ ತಡವಾಗಲಿಲ್ಲ. ಅದು ಪೂರ್ತಿ ನನ್ನಿಂದಲೇ ಅಂತಲ್ಲ, ಆದರೂ.

ಇನ್ನೊಂದು ಪ್ರಯೋಗ ಕೆಲಸಕ್ಕೆ ಸಂಬಂಧಿಸಿದ್ದಲ್ಲ. ಊರಿಂದ ಕಡಕ್ ಜೋಳದ ರೊಟ್ಟಿ, ಶೇಂಗಾ ಹಿಂಡಿ ತಂದು ಹಂಚಿದೆ. ಗರಿಗರಿ ಅಕ್ಕಿ ರೊಟ್ಟಿಗೆ ಕೋಳಿ ಸಾರು ಸುರಿಯೋ ಕೋರಿ ರೊಟ್ಟಿ ತಿಂದವರು ಸುಮ್ಮನಿರ್ತಾರಾ, ಪುಡಿ ಮಾಡಿ ಮೇಲೆ ಸಾರು ಸುರಿದೇ ಬಿಟ್ಟರು. ನಮ್ಮವ್ವ ನೋಡಿದ್ದರೆ ಎದೆ ಒಡೆದುಕೊಳ್ಳುತ್ತಿದ್ದಳು. ಆದರೆ ಅವತ್ತಿನಿಂದ ತುಳುವರು "ಒಣಸ್ ಆಂಡಾ?" (ಊಟ ಆಯ್ತಾ?) ಅಂತ ನನ್ನನ್ನೂ ಕೇಳತೊಡಗಿದರು.

ಕೊನೆಯ ಮೂರು ತಿಂಗಳಲ್ಲಿ ಅರವತ್ತರ ಹತ್ತಿರ ಬಗ್ ಹಾಕಿರಬೇಕು, ವಾಪಸ್ ಬಂದಿದ್ದು ನಾಲ್ಕೋ ಐದೋ. ಚೀಟಿ ಬರೆಯದೆ ಬಿಟ್ಟಿದ್ದು ಪಿಜಿ ಅಂಕಲ್ ಒಬ್ಬರ ಜೊತೆ ಮಾತ್ರ. ಡಿಪಾಸಿಟ್ ಕೊಡುವಾಗ ಬರೀ ಬಾಯಿಮಾತು. ಹೊರಡುವ ದಿನ ಗೋಡೆಯ ಬಣ್ಣಕ್ಕೆ ಅಂತ 1,500 ಮುರಿದುಕೊಂಡು, "ಮೊದಲೇ ಹೇಳಿದ್ದೆ, ಆಯ್ತಾ?" ಅಂದರು.