ಚಳಿ ಇಳಿಯುವ ಮುನ್ನ: ಹಿತ್ತಲ ಹಕ್ಕಿಗಳಿಗೆ ಊರೇ ಸೇರಿ ಆಸರೆ ಒದಗಿಸುವ ಬಗೆ

ಹಿತ್ತಲಲ್ಲಿ ಒಂದೇ ಹೊತ್ತಿಗೆ ಹತ್ತು ಚೇಕಡಿ ಹಕ್ಕಿಗಳು ಕಾಳು ತಿನ್ನುತ್ತಿದ್ದರೆ, ನಮ್ಮಲ್ಲಿಗೆ ಬರುವುದು ಹತ್ತೇ ಹಕ್ಕಿ ಅಂದುಕೊಳ್ಳುತ್ತೇವೆ. ಕಾಲಿಗೆ ಉಂಗುರ ತೊಡಿಸಿ ಹಕ್ಕಿಗಳ ಜಾಡು ಹಿಡಿಯುವವರ ಲೆಕ್ಕವೇ ಬೇರೆ. ಚಳಿಗಾಲದ ಒಂದೇ ದಿನದಲ್ಲಿ ಅದೇ ಹಿತ್ತಲನ್ನು ನೂರಕ್ಕೂ ಹೆಚ್ಚು ಹಕ್ಕಿಗಳು ಹಾದುಹೋಗಿರಬಹುದು. ಒಂದು ಗುಂಪು ಬಂದು ತಿಂದು ಹೋಗುತ್ತದೆ, ಹಿಂದೆಯೇ ಇನ್ನೊಂದು ಬರುತ್ತದೆ. ನಿಮ್ಮ ಬೇಲಿ, ಪಕ್ಕದವರ ಬೇಲಿ ಎನ್ನುವುದು ಅವಕ್ಕಿಲ್ಲ, ಊರಿಗೆ ಊರೇ ಅವುಗಳ ಹಿತ್ತಲು. ಹಾಗಾಗಿ ಒಬ್ಬರು ಎಷ್ಟೇ ಚೊಕ್ಕಟವಾಗಿ ಕಾಳು ಇಟ್ಟರೂ ಮೂರನೇ ಮನೆಯ ಕೊಳಕು ತಟ್ಟೆಯಿಂದ ರೋಗ ಹರಡುತ್ತದೆ. ಈ ಕೆಲಸವನ್ನು ಊರಾಗಿಯೇ ಮಾಡಬೇಕು.

ಮೊದಲ ಇಬ್ಬನಿ ಹೆಪ್ಪುಗಟ್ಟುವುದಕ್ಕೆ ಐದಾರು ವಾರ ಮುಂಚೆ, ಅಂದರೆ ಎಲೆ ಹಣ್ಣಾಗಲು ತೊಡಗಿದಾಗಲೇ ಶುರುಮಾಡಿ. ಹೊಸ ಜಾಗದಲ್ಲಿ ಕಾಳಿದೆ ಎಂದು ಹಕ್ಕಿಗಳಿಗೆ ಗೊತ್ತಾಗಲು ಕೆಲವೊಮ್ಮೆ ಎರಡು ಮೂರು ವಾರ ಬೇಕು. ಕಡು ಚಳಿ ಬಂದ ಮೇಲೆ ಹೊಸದಾಗಿ ಹುಡುಕುವ ಶಕ್ತಿ ಅವಕ್ಕಿರುವುದಿಲ್ಲ.

ಮೊದಲು ಊರು ಸುತ್ತಿ

ಊರಿನ ನಕ್ಷೆಯೊಂದನ್ನು ಕೈಯಲ್ಲೇ ಬರೆದುಕೊಳ್ಳಿ. ನಾಲ್ಕೈದು ಜನ ಒಂದು ಬೆಳಗ್ಗೆ ಊರು ಸುತ್ತಿ, ಈಗಾಗಲೇ ಕಾಳಿಡುವ ಮನೆಗಳು, ಹಣ್ಣು ಬಿಡುವ ಬೇಲಿಗಳು, ನೀರಿನ ಜಾಗಗಳು, ಹಕ್ಕಿಗಳು ಬಡಿದುಕೊಳ್ಳುವ ದೊಡ್ಡ ಗಾಜಿನ ಕಿಟಕಿಗಳು, ಬೆಕ್ಕು ಸಾಕಿದ ಮನೆಗಳನ್ನು ಗುರುತುಹಾಕಿ. ಯಾವ ಮನೆಯವರು ಚಳಿಗಾಲದಲ್ಲಿ ಊರಲ್ಲಿ ಇರುವುದಿಲ್ಲ ಎನ್ನುವುದನ್ನೂ ಕೇಳಿಕೊಳ್ಳಿ.

ಊರ ನಡುವೆ ಕಾಳಿಡಲು ಒಂದೇ ದೊಡ್ಡ ತಾಣ ಮಾಡುವ ಆಸೆ ಎಲ್ಲರಿಗೂ ಬರುತ್ತದೆ. ಅದನ್ನು ಬಿಟ್ಟುಬಿಡಿ. ಹಕ್ಕಿಗಳು ಒತ್ತೊತ್ತಾಗಿ ಸೇರಿದ ಕಡೆ ರೋಗ ಬೇಗ ಹರಡುತ್ತದೆ, ಗಿಡುಗಕ್ಕೂ ಬೇಟೆ ಸುಲಭವಾಗುತ್ತದೆ. ನಾಲ್ಕೈದು ಮನೆಗಳಿಗೆ ಒಂದರಂತೆ ಸಣ್ಣ ತಾಣಗಳನ್ನು ಹಂಚಿ. ಒಂದೊಂದಕ್ಕೂ ಇಬ್ಬರು ಹೊಣೆಗಾರರಿರಲಿ. ಒಬ್ಬರು ದಿನವೂ ನೋಡಿಕೊಳ್ಳುವವರು, ಇನ್ನೊಬ್ಬರು ಅವರು ಊರಲ್ಲಿಲ್ಲದಾಗ ನಿಲ್ಲುವವರು. ಎರಡನೆಯವರ ಹೆಸರು ಬರೆಯದಿರುವುದೇ ಹೆಚ್ಚಿನ ಯೋಜನೆಗಳು ಕುಸಿಯುವ ಜಾಗ. ಕೇವಲ 11 ಗ್ರಾಂ ತೂಗುವ ಚೇಕಡಿಯೊಂದು ಚಳಿಯ ಒಂದು ರಾತ್ರಿಯಲ್ಲಿ ಮೈತೂಕದ ಹತ್ತನೇ ಒಂದು ಪಾಲನ್ನು, ಅಂದರೆ ಒಂದು ಗ್ರಾಂಗೂ ಹೆಚ್ಚನ್ನು, ಬೆಚ್ಚಗಿರಲೆಂದೇ ಸುಟ್ಟುಕೊಂಡಿರಬಹುದು. ಬೆಳಗ್ಗೆ ನಂಬಿಕೊಂಡು ಬಂದ ಜಾಗ ಖಾಲಿಯಿದ್ದರೆ ಉಳಿದ ಶಕ್ತಿ ಹುಡುಕಾಟಕ್ಕೇ ಹೋಗುತ್ತದೆ. ಆದ್ದರಿಂದ ಫೀಡರ್, ಅಂದರೆ ಕಾಳು ತುಂಬಿ ತೂಗುಹಾಕುವ ಪಾತ್ರೆ, ತುಂಬಿಸುವ ಹೊತ್ತು ಎರಡು: ಬೆಳಕು ಹರಿಯುವಾಗ, ಮತ್ತೆ ಕತ್ತಲಾಗುವುದಕ್ಕೆ ಎರಡು ಗಂಟೆ ಮುಂಚೆ.

ಏನು ಇಡಬೇಕು, ಎಷ್ಟು

ತೆಳು ಸಿಪ್ಪೆಯ ಕಪ್ಪು ಸೂರ್ಯಕಾಂತಿ ಬೀಜ ಎಲ್ಲಕ್ಕಿಂತ ಉಪಯುಕ್ತ. ಎಣ್ಣೆಯಂಶ ಹೆಚ್ಚು, ಸಣ್ಣ ಕೊಕ್ಕಿಗೂ ಒಡೆಯುತ್ತದೆ. ಸಿಪ್ಪೆ ತೆಗೆದ ಬೀಜ ಹಾಕಿದರೆ ನೆಲದ ಮೇಲೆ ಕಸ ಬೀಳುವುದಿಲ್ಲ, ಆದರೆ ಮಳೆಗೆ ನೆನೆದರೆ ಬೇಗ ಹುಳಿತು ಹೋಗುತ್ತದೆ. ಗುಬ್ಬಚ್ಚಿಗಳಿಗೆ ಮತ್ತು ನೆಲದಲ್ಲಿ ಮೇಯುವ ಹಕ್ಕಿಗಳಿಗೆ ಸಣ್ಣ ಸಿರಿಧಾನ್ಯ ಇರಲಿ. ಕಡಲೆಕಾಯಿ ಬೀಜವನ್ನು ಉಪ್ಪಿಲ್ಲದೆ, ಹುರಿಯದೆ, 6 ಮಿಲಿಮೀಟರ್ ಕಣ್ಣಿನ ಗಟ್ಟಿ ತಂತಿಬಲೆಯ ಫೀಡರಿನಲ್ಲೇ ಇಡಿ. ಆಗ ಹಕ್ಕಿ ಕುಟುಕಿ ಕುಟುಕಿ ಚೂರು ತೆಗೆಯುತ್ತದೆ, ಇಡೀ ಬೀಜ ಗಂಟಲಿಗೆ ಸಿಕ್ಕಿಕೊಳ್ಳುವುದಿಲ್ಲ. ಕಡಲೆಕಾಯಿಗೆ ಬೂಷ್ಟು ಹಿಡಿದರೆ ಅದರಲ್ಲಿ ಹುಟ್ಟುವ ಅಫ್ಲಟಾಕ್ಸಿನ್ ಎಂಬ ವಿಷ ಹಕ್ಕಿಯ ಯಕೃತ್ತನ್ನು ಕೊಲ್ಲುತ್ತದೆ. ಮನುಷ್ಯರು ತಿನ್ನುವ ದರ್ಜೆಯ ಕಡಲೆಕಾಯಿಯನ್ನೇ ಕೊಳ್ಳಿ.

ಕೊಬ್ಬಿನ ಉಂಡೆ ಮಾಡುವುದು ಹೀಗೆ. ಒಂದು ಪಾಲು ಗಟ್ಟಿ ಪ್ರಾಣಿಕೊಬ್ಬನ್ನು ಸಣ್ಣ ಉರಿಯಲ್ಲಿ ಕರಗಿಸಿ. ಎರಡು ಪಾಲು ಕಾಳು, ಓಟ್ಸ್, ಒಣಹಣ್ಣು ಬೆರೆಸಿ, ಬಟ್ಟಲಿಗೆ ಸುರಿದು ಆರಲು ಬಿಡಿ. ಅಡುಗೆಯ ಬಾಣಲೆಯಲ್ಲಿ ಉಳಿದ ಜಿಡ್ಡು ಬೇಡ. ಅದರಲ್ಲಿ ಉಪ್ಪಿರುತ್ತದೆ, ಮೆತ್ತಗಿರುವ ಕಾರಣ ಪುಕ್ಕಕ್ಕೆ ಮೆತ್ತಿಕೊಂಡು ಮೈ ಬೆಚ್ಚಗಿಡುವ ಗುಣವನ್ನೇ ಕೆಡಿಸುತ್ತದೆ. ಬಿಸಿಲು ಏರಿದ ದಿನ ಉಂಡೆ ಕರಗತೊಡಗಿದರೆ ಒಳಗಿಡಿ. ಅಂಗಡಿಯ ಉಂಡೆಗಳು ನೈಲಾನ್ ಬಲೆಯಲ್ಲಿ ಬಂದರೆ ಬಲೆ ಕತ್ತರಿಸಿ ಎಸೆಯಿರಿ, ಅದರಲ್ಲಿ ಹಕ್ಕಿಗಳ ಕಾಲು ಸಿಕ್ಕಿಕೊಳ್ಳುತ್ತದೆ. ಉಪ್ಪಿರುವ ಯಾವುದನ್ನೂ, ಹಾಲನ್ನು, ಬೂಷ್ಟು ಹಿಡಿದ ಬ್ರೆಡ್ಡನ್ನು, ನೆನೆಸದ ಒಣ ಕೊಬ್ಬರಿ ತುರಿಯನ್ನು ಇಡಬೇಡಿ. ಒಣ ತುರಿ ಹೊಟ್ಟೆಯೊಳಗೆ ಉಬ್ಬುತ್ತದೆ, ಹಾಲಿನ ಲ್ಯಾಕ್ಟೋಸ್ ಹಕ್ಕಿಗೆ ಅರಗುವುದಿಲ್ಲ.

ಪ್ರಮಾಣಕ್ಕೆ ಒಂದೇ ಅಳತೆ: ಒಂದೆರಡು ದಿನದಲ್ಲಿ ಖಾಲಿಯಾಗುವಷ್ಟು. ಹನ್ನೆರಡು ತಾಣ, ತಾಣಕ್ಕೆ ದಿನಕ್ಕೆ 150 ಗ್ರಾಂ ಎಂದು ಶುರುಮಾಡಿದರೆ ದಿನಕ್ಕೆ 1.8 ಕಿಲೊ, ತಿಂಗಳಿಗೆ 54 ಕಿಲೊ ಆಯಿತು. ಮೊದಲ ವಾರ ಎಷ್ಟು ಉಳಿಯಿತು ಎಂದು ನೋಡಿ ಏರಿಸಿ, ಇಳಿಸಿ. ಒಟ್ಟಾಗಿ ಕೊಂಡರೆ ಅಗ್ಗ ನಿಜ, ಆದರೂ ಒಂದು ತಿಂಗಳಿಗಿಂತ ಹೆಚ್ಚಿನದನ್ನು ಕೂಡಿಡಬೇಡಿ. ಬಿಗಿ ಮುಚ್ಚಳದ ತಗಡಿನ ಡಬ್ಬದಲ್ಲಿ, ನೆಲಕ್ಕೆ ತಾಗದಂತೆ ಹಲಗೆಯ ಮೇಲಿಡಿ. ಮುಗ್ಗಲು ವಾಸನೆ ಬಂದರೆ ಡಬ್ಬಕ್ಕೆ ಡಬ್ಬವನ್ನೇ ಚೆಲ್ಲಿಬಿಡಿ, ಮೇಲಿನದನ್ನು ತೆಗೆದು ಕೆಳಗಿನದನ್ನು ಬಳಸುವ ಉಳಿತಾಯ ಬೇಡ.

ಎಲ್ಲಿ ತೂಗುಹಾಕಬೇಕು

ಪೊದೆಯಿಂದ ಸುಮಾರು ಎರಡು ಮೀಟರ್ ದೂರ ಸರಿ. ಅದಕ್ಕಿಂತ ಹತ್ತಿರವಾದರೆ ಬೆಕ್ಕು ಅಡಗಿ ಹಾರುತ್ತದೆ, ತೀರಾ ದೂರವಾದರೆ ಗಿಡುಗ ಬಂದಾಗ ಹಕ್ಕಿಗೆ ನುಗ್ಗಲು ಮರೆ ಸಿಗುವುದಿಲ್ಲ. ಗಾಜಿನ ವಿಷಯದಲ್ಲಿ ಒಂದೋ ಕಿಟಕಿಗೆ ಒಂದು ಮೀಟರಿನೊಳಗೆ ಇಡಿ, ಇಲ್ಲವೇ ಹತ್ತು ಮೀಟರ್ ಆಚೆಗೆ ಇಡಿ. ಹತ್ತಿರವಿದ್ದರೆ ಗಾಬರಿಯಲ್ಲಿ ಹಾರಿದ ಹಕ್ಕಿಗೆ ವೇಗ ಬಂದಿರುವುದಿಲ್ಲ, ಬಡಿದರೂ ಬದುಕುತ್ತದೆ. ನಡುವಿನ ದೂರವೇ ಅಪಾಯದ್ದು. ಗಿಡುಗದ ಆಕಾರದ ಒಂದೇ ಒಂದು ಸ್ಟಿಕರ್ ಅಂಟಿಸಿ ಕೈತೊಳೆದುಕೊಳ್ಳುವವರು ಬಹಳ. ಅದರಿಂದ ಉಪಯೋಗವಿಲ್ಲ, ಹಕ್ಕಿ ಅದರ ಪಕ್ಕದ ಖಾಲಿ ಗಾಜಿಗೆ ಬಡಿಯುತ್ತದೆ. ಗಾಜಿನ ಹೊರಮೈಗೆ ಐದೈದು ಸೆಂಟಿಮೀಟರ್ ಅಂತರದಲ್ಲಿ ಚುಕ್ಕಿ ಅಥವಾ ಪಟ್ಟಿ ಅಂಟಿಸಿದರೆ ಮಾತ್ರ ಅಲ್ಲೊಂದು ತಡೆಯಿದೆ ಎಂದು ಅದಕ್ಕೆ ಕಾಣುತ್ತದೆ.

ಬೆಕ್ಕು ಸಾಕಿದವರ ಜೊತೆ ಜಗಳ ಬೇಡ. ಬೆಳಗಿನ ಜಾವ ಮತ್ತು ಮುಸ್ಸಂಜೆ, ಹಕ್ಕಿಗಳು ಹೆಚ್ಚು ಮೇಯುವ ಎರಡು ಹೊತ್ತು ಮಾತ್ರ ಬೆಕ್ಕನ್ನು ಒಳಗಿಟ್ಟುಕೊಳ್ಳಿ ಎಂದು ಕೇಳಿದರೆ ಬಹಳಷ್ಟು ಮಂದಿ ಒಪ್ಪುತ್ತಾರೆ.

ಚೊಕ್ಕಟ: ಇಲ್ಲಿ ಸೋತರೆ ಉಳಿದದ್ದೆಲ್ಲ ವ್ಯರ್ಥ

ಬ್ರಿಟನ್ನಿನಲ್ಲಿ 2005ರ ಸುಮಾರಿಗೆ ಟ್ರೈಕೊಮೊನಾಸಿಸ್ ಎಂಬ ಗಂಟಲುರೋಗ ಗ್ರೀನ್‌ಫಿಂಚ್ ಹಕ್ಕಿಗಳಿಗೆ ತಗುಲಿ, ಹಿತ್ತಲುಗಳಲ್ಲಿ ತುಂಬಿದ್ದ ಆ ಹಕ್ಕಿಯ ಸಂಖ್ಯೆ ಮುಂದಿನ ವರ್ಷಗಳಲ್ಲಿ ಪಾತಾಳಕ್ಕಿಳಿಯಿತು. ಅಮೆರಿಕದಲ್ಲಿ 1994ರಲ್ಲಿ ಕಾಣಿಸಿಕೊಂಡ ಕಣ್ಣುರೋಗ ಹೌಸ್ ಫಿಂಚ್‌ಗಳನ್ನು ಹೀಗೇ ಬಡಿಯಿತು. ಪ್ರೀತಿಯಿಂದ ಇಟ್ಟ ಫೀಡರುಗಳೇ ಈ ರೋಗಗಳಿಗೆ ಹಾದಿಯಾದವು. ಗಂಟಲುರೋಗದ ಹಕ್ಕಿಗೆ ನುಂಗಲಾಗುವುದಿಲ್ಲ. ಬಾಯಿಂದ ಉಗುಳಿದ ಕಾಳು, ಅದು ಕೊಕ್ಕು ಅದ್ದಿದ ನೀರು ಇನ್ನೊಂದಕ್ಕೆ ಸೋಂಕು ದಾಟಿಸುತ್ತವೆ. ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಹಿಕ್ಕೆಯಿಂದ ಹರಡುತ್ತದೆ. ಆದ್ದರಿಂದ ಕಾಳು, ಹಿಕ್ಕೆ ಒಂದೇ ಕಡೆ ಬೀಳುವ ಚಪ್ಪಟೆ ತಟ್ಟೆಗಿಂತ ಕೊಳವೆಯಂಥ ಫೀಡರೇ ಮೇಲು.

ಊರಿಗೆಲ್ಲ ಒಂದೇ ತೊಳೆಯುವ ದಿನ ಗೊತ್ತುಮಾಡಿ, ವಾರಕ್ಕೊಮ್ಮೆ. ಫೀಡರನ್ನು ಪೂರ್ತಿ ಬಿಚ್ಚಿ, ಹಳೆಯ ಕಾಳು ಚೆಲ್ಲಿ, ಸೋಪಿನ ಬಿಸಿನೀರಲ್ಲಿ ಬ್ರಷ್ ಹಾಕಿ ಉಜ್ಜಿ. ಆಮೇಲೆ ಒಂದು ಪಾಲು ಬ್ಲೀಚ್‌ಗೆ ಒಂಬತ್ತು ಪಾಲು ನೀರು ಬೆರೆಸಿ ಹತ್ತು ನಿಮಿಷ ನೆನೆಸಿ. ವಾಸನೆ ಹೋಗುವವರೆಗೆ ಜಾಲಿಸಿ, ಪೂರಾ ಒಣಗಿಸಿ. ಈ ಕೊನೆಯ ಹೆಜ್ಜೆಯನ್ನು ಅವಸರದಲ್ಲಿ ಬಿಡುವವರೇ ಹೆಚ್ಚು. ಗಂಟಲುರೋಗದ ಜೀವಿ ಒಣಗಿದರೆ ಸಾಯುತ್ತದೆ, ಒದ್ದೆಯಲ್ಲಿ ಉಳಿದುಕೊಳ್ಳುತ್ತದೆ. ತಾಣಕ್ಕೆ ಎರಡು ಫೀಡರ್ ಇದ್ದರೆ ಒಂದು ಒಣಗುವಾಗ ಇನ್ನೊಂದು ಕೆಲಸಕ್ಕೆ ಬರುತ್ತದೆ. ಬಕೆಟ್ಟು, ಬ್ರಷ್ಷು ಇದಕ್ಕೇ ಮೀಸಲಿರಲಿ, ಅಡುಗೆಮನೆಯ ಸಿಂಕಿಗೆ ತರಬೇಡಿ. ಕೈಗವಸು ಹಾಕಿಕೊಳ್ಳಿ. ತೊಳೆದ ದಿನವೇ ಫೀಡರನ್ನು ಕೆಲವು ಅಡಿ ಆಚೆ ಸರಿಸಿ ತೂಗುಹಾಕಿ, ಕೆಳಗಿನ ನೆಲಕ್ಕೆ ಹಿಕ್ಕೆಯ ಭಾರದಿಂದ ಬಿಡುವು ಸಿಗಲಿ.

ಮೈ ಉಬ್ಬಿಸಿಕೊಂಡು, ಮಂಕಾಗಿ, ಹತ್ತಿರ ಹೋದರೂ ಹಾರದ ಹಕ್ಕಿ, ಕೊಕ್ಕಿನ ಸುತ್ತ ಒದ್ದೆಯಾದ ಹಕ್ಕಿ, ಕಣ್ಣು ಊದಿದ ಹಕ್ಕಿ ಕಂಡರೆ ಆ ದಿನವೇ ಊರಿಡೀ ಕಾಳು ನಿಲ್ಲಿಸಬೇಕು, ನೀರಿನ ಪಾತ್ರೆಗಳನ್ನೂ ಖಾಲಿಮಾಡಿ ಒಣಗಿಸಬೇಕು. ಕನಿಷ್ಠ ಎರಡು ವಾರ. ಒಂದು ತಾಣ ಮಾತ್ರ ನಿಲ್ಲಿಸಿದರೆ ರೋಗದ ಹಕ್ಕಿ ಪಕ್ಕದ ತಾಣಕ್ಕೆ ಹೋಗುತ್ತದೆ, ಅಷ್ಟೇ. ಹಸಿದಿರುವಾಗ ನಿಲ್ಲಿಸುವುದು ಕ್ರೂರವಲ್ಲವೇ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಚದುರಿಹೋದರೆ ಆರೋಗ್ಯವಾಗಿರುವ ಹಕ್ಕಿಗಳು ಉಳಿಯುತ್ತವೆ ಎಂದು ಅವರಿಗೆ ತಾಳ್ಮೆಯಿಂದ ಹೇಳಿ. ಸುದ್ದಿ ಒಂದು ಗಂಟೆಯೊಳಗೆ ಎಲ್ಲ ಹೊಣೆಗಾರರಿಗೆ ಮುಟ್ಟುವಂತೆ ಫೋನ್ ಸರಪಳಿ ಮೊದಲೇ ಮಾಡಿಕೊಂಡಿರಿ.

ಇಲಿ ಬಂದರೆ ಫೀಡರಿನ ಕೆಳಗೆ ಉದುರುವುದನ್ನು ಹಿಡಿಯಲು ತಟ್ಟೆ ಕಟ್ಟಿ, ಸಂಜೆಯೇ ಅದನ್ನೂ ನೆಲವನ್ನೂ ಗುಡಿಸಿ, ತಾಣವನ್ನು ಬೇರೆಡೆಗೆ ಸಾಗಿಸಿ. ಇಲಿಪಾಷಾಣ ಇಟ್ಟರೆ ಆ ಇಲಿಯನ್ನು ತಿಂದ ಗೂಬೆಯೂ ಸಾಯುತ್ತದೆ.

ನೀರು

ಎರಡೂವರೆಯಿಂದ ಹತ್ತು ಸೆಂಟಿಮೀಟರ್ ಆಳ, ಇಳಿಜಾರು ಅಂಚು, ಜಾರದಂಥ ಒರಟು ತಳ. ದಿನವೂ ಹೊಸ ನೀರು. ಚಳಿಯಲ್ಲೂ ಹಕ್ಕಿ ಮೀಯಲೇಬೇಕು, ಕೊಳೆಯಾದ ಪುಕ್ಕ ಗಾಳಿಯನ್ನು ಹಿಡಿದಿಟ್ಟು ಮೈ ಬೆಚ್ಚಗಿಡಲಾರದು. ಹೆಪ್ಪುಗಟ್ಟುವ ಕಡೆ ಒಂದು ಸಣ್ಣ ಚೆಂಡು ತೇಲಿಬಿಟ್ಟರೆ ಗಾಳಿಗೆ ಅಲುಗಾಡುತ್ತಾ ಹೆಪ್ಪನ್ನು ತಡಮಾಡುತ್ತದೆ. ಗಟ್ಟಿಯಾದರೆ ಬೆಚ್ಚಗಿನ ನೀರು ಸುರಿಯಿರಿ. ಉಪ್ಪು, ಗ್ಲಿಸರಿನ್, ವಾಹನಕ್ಕೆ ಹಾಕುವ ಆಂಟಿಫ್ರೀಜ್ ಎಂದಿಗೂ ಬೇಡ.

ಬೇಲಿ ಮತ್ತು ‘ಕಸ’

ಚಳಿಗೆ ಮುಂಚೆ ಊರು ಚೊಕ್ಕ ಮಾಡುವ ಉಮೇದಿನಲ್ಲಿ ಹಕ್ಕಿಗಳ ಉಗ್ರಾಣವನ್ನೇ ಕಡಿದು ಹಾಕುತ್ತೇವೆ. ಬೇಲಿ ಕತ್ತರಿಸುವುದನ್ನು ಹಣ್ಣುಗಳು ಮುಗಿಯುವ ಚಳಿಗಾಲದ ಕೊನೆಗೆ ಮುಂದೂಡಿ, ಗೂಡು ಕಟ್ಟುವುದು ಶುರುವಾಗುವ ಮುಂಚೆ ಮುಗಿಸಿ. ಹಾಥಾರ್ನ್, ಹಾಲಿ, ರೋವನ್ ಎಂಬ ಚಳಿನಾಡಿನ ಗಿಡಮರಗಳ ಹಣ್ಣುಗಳು ಮೊದಲು ತೀರುತ್ತವೆ. ಐವಿ ಬಳ್ಳಿಯ ಹಣ್ಣು ಮಾಗುವುದು ಚಳಿಗಾಲದ ಕೊನೆಗೆ, ಬೇರೇನೂ ಉಳಿದಿರದ ಹೊತ್ತಿಗೆ. ಅದಕ್ಕೇ ಆ ಬಳ್ಳಿಯನ್ನು ಗೋಡೆಯಿಂದ ಕಿತ್ತೊಗೆಯುವ ಮುನ್ನ ಎರಡು ಸಲ ಯೋಚಿಸಿ. ಒಣಗಿದ ಸೂರ್ಯಕಾಂತಿ ತಲೆಗಳು ಗಿಡದಲ್ಲೇ ನಿಲ್ಲಲಿ. ಉದುರಿದ ಎಲೆಗಳನ್ನು ಸುಡದೆ ಬೇಲಿಯ ಬುಡಕ್ಕೆ ರಾಶಿಹಾಕಿದರೆ ಬ್ಲ್ಯಾಕ್‌ಬರ್ಡ್‌ನಂಥ ನೆಲದ ಹಕ್ಕಿಗಳು ಹುಳು ಹುಡುಕುತ್ತಾ ಅದನ್ನು ಇಡೀ ಚಳಿಗಾಲ ಕೆದಕುತ್ತವೆ. ದಾರಿ, ಚರಂಡಿ ಮಾತ್ರ ಗುಡಿಸಿದರೆ ಸಾಕು.

ಗೂಡುಪೆಟ್ಟಿಗೆ

ಗೂಡುಪೆಟ್ಟಿಗೆ ಮರಿಮಾಡಲು ಮಾತ್ರವಲ್ಲ, ಚಳಿಗಾಲದ ರಾತ್ರಿ ತಂಗಲೂ ಬೇಕು. 1969ರಲ್ಲಿ ಇಂಗ್ಲೆಂಡಿನ ನಾರ್‌ಫೋಕ್‌ನಲ್ಲಿ ಒಂದೇ ಪೆಟ್ಟಿಗೆಯೊಳಗೆ 61 ರೆನ್ ಹಕ್ಕಿಗಳು ಒತ್ತೊತ್ತಾಗಿ ತಂಗಿದ್ದು ದಾಖಲಾಗಿದೆ. ಹಳೆಯ ಪೆಟ್ಟಿಗೆಗಳ ಗೂಡನ್ನು ಎಲೆ ಉದುರುವ ಕಾಲದಲ್ಲಿ ತೆಗೆದು, ಕುದಿಯುವ ನೀರು ಸುರಿದು ಒಣಗಿಸಿ. ಅದರಿಂದಲೇ ಚಿಗಟ, ನುಸಿ ಸಾಯುತ್ತವೆ, ಕೀಟನಾಶಕ ಬೇಡ. ಹೊಸದಾಗಿ ಮಾಡುವುದಾದರೆ ಕನಿಷ್ಠ 15 ಮಿಲಿಮೀಟರ್ ದಪ್ಪದ ಹಲಗೆ, ತಳದಲ್ಲಿ ನೀರು ಬಸಿಯಲು ತೂತು, ಒಳಗೆ ಬಣ್ಣವಿಲ್ಲ. ಬಾಗಿಲ ತೂತಿನ ಅಗಲ ನೀಲಿ ಚೇಕಡಿಗೆ 25, ದೊಡ್ಡ ಚೇಕಡಿಗೆ 28, ಗುಬ್ಬಚ್ಚಿಗೆ 32, ಸ್ಟಾರ್ಲಿಂಗ್‌ಗೆ 45 ಮಿಲಿಮೀಟರ್. ತೂತಿನ ಕೆಳಗೆ ಕೂರಲು ಕಡ್ಡಿ ಹೊಡೆಯಬೇಡಿ, ಅದು ದಾಳಿಮಾಡುವ ಪ್ರಾಣಿಗಳಿಗೇ ಮೆಟ್ಟಿಲು. ಎರಡರಿಂದ ನಾಲ್ಕು ಮೀಟರ್ ಎತ್ತರದಲ್ಲಿ, ಜೋರು ಮಳೆಗಾಳಿ ಬೀಸುವ ದಿಕ್ಕಿಗೆ ಬೆನ್ನುಮಾಡಿ ಕಟ್ಟಿ.

ಎಣಿಕೆ

ಚಳಿಗಾಲಕ್ಕೆ ಒಮ್ಮೆಯಾದರೂ ಊರೆಲ್ಲ ಒಂದೇ ದಿನ, ಒಂದೇ ಗಂಟೆ ಕೂತು ಎಣಿಸಿ. ಅಮೆರಿಕದ ಕ್ರಿಸ್‌ಮಸ್ ಹಕ್ಕಿ ಎಣಿಕೆ 1900ರಿಂದ, ಬ್ರಿಟನ್ನಿನ ಹಿತ್ತಲ ಹಕ್ಕಿ ಎಣಿಕೆ 1979ರಿಂದ ನಡೆಯುತ್ತಿವೆ. 1998ರಲ್ಲಿ ಶುರುವಾದ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್‌ಗೆ ಈಗ ಜಗತ್ತಿನ ಯಾವ ಮೂಲೆಯಿಂದಲೂ ಲೆಕ್ಕ ಕಳಿಸಬಹುದು, ಅದು ಫೆಬ್ರವರಿಯ ನಾಲ್ಕು ದಿನ. ಊರ ಎಣಿಕೆಗೆ ಒಂದು ನಿಯಮ ಹಾಕಿಕೊಳ್ಳಿ: ಒಂದು ಜಾತಿಯ ಹಕ್ಕಿಗಳು ಏಕಕಾಲಕ್ಕೆ ಅತಿ ಹೆಚ್ಚು ಎಷ್ಟು ಕಂಡವೋ ಅದನ್ನಷ್ಟೇ ಬರೆಯಬೇಕು. ಬಂದು ಹೋದದ್ದನ್ನೆಲ್ಲ ಕೂಡಿದರೆ ಒಂದೇ ಗುಬ್ಬಚ್ಚಿಯನ್ನು ಹತ್ತು ಸಲ ಎಣಿಸಿದಂತಾಗುತ್ತದೆ. ಪ್ರತಿ ತಾಣದಲ್ಲೂ ಒಬ್ಬ ಹಿರಿಯರ ಜೊತೆ ಒಂದು ಮಗುವನ್ನು ಕೂರಿಸಿ, ಮಕ್ಕಳ ಕಣ್ಣು ಚುರುಕು. ಹಾಳೆಗಳನ್ನು ಜೋಪಾನವಾಗಿಡಿ. ಮುಂದಿನ ವರ್ಷ ಯಾವ ತಾಣ ಬದಲಿಸಬೇಕು, ಯಾವ ಬೇಲಿ ಉಳಿಸಬೇಕು ಎನ್ನುವುದು ಅವುಗಳಿಂದಲೇ ತಿಳಿಯುತ್ತದೆ.

ಚಿಗುರು ಒಡೆದು ಹುಳು ಹುಪ್ಪಟೆ ಕಾಣತೊಡಗಿದ ಮೇಲೆ ಎರಡು ಮೂರು ವಾರಗಳಲ್ಲಿ ಕಾಳನ್ನು ಮೆಲ್ಲಗೆ ಇಳಿಸುತ್ತಾ ಬನ್ನಿ. ಕೊಬ್ಬಿನ ಉಂಡೆ ಮೊದಲು ನಿಲ್ಲಲಿ. ಮರಿಗಳಿರುವ ಕಾಲದಲ್ಲಿ ಬಿಡಿ ಕಡಲೆಕಾಯಿ ಬೀಜ ಎಲ್ಲೂ ಇರಬಾರದು. ಫೀಡರುಗಳನ್ನು ಕೊನೆಯ ಸಲ ತೊಳೆದು, ಬಿಸಿಲಿಗೆ ಒಣಗಿಸಿ, ತಾಣದ ಹೆಸರು ಬರೆದ ಚೀಟಿ ಕಟ್ಟಿ ಒಂದೇ ಮನೆಯಲ್ಲಿಡಿ. ಮುರಿದದ್ದು, ಬಿರುಕು ಬಿಟ್ಟದ್ದು ಯಾವುದೆಂದು ಆಗಲೇ ಬರೆದಿಟ್ಟುಕೊಳ್ಳಿ.